ಹೃದಯ ಸರಿಯಾದ ಮೇಲೂ ಎದೆ ಏಕೆ ಉರಿಯುತ್ತದೆ?

ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಐವತ್ತೈದು ದಾಟಿದ ಒಬ್ಬ ಭತ್ತದ ರೈತರಿದ್ದಾರೆಂದು ಇಟ್ಟುಕೊಳ್ಳಿ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಅವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿದೆ. ಗಾಯ ಮಾಗಿದೆ, ಇಸಿಜಿ ಮತ್ತು ಎಕೋ ಪರೀಕ್ಷೆ ಚೆನ್ನಾಗಿವೆ. ಆದರೆ ಎಡ ಎದೆಯ ಮೇಲೆ ಬನಿಯನ್ ತಾಗಿದರೂ ಮೆಣಸಿನಪುಡಿ ಸವರಿದಂತೆ ಉರಿ. ರಾತ್ರಿ ಮಗ್ಗುಲಾದರೆ ಸೂಜಿ ಚುಚ್ಚಿದಂತಾಗಿ ಎಚ್ಚರ. ಅವರು ಎದೆಯ ಮೇಲೆ ಕೈಯಿಟ್ಟರೆ ಸಾಕು, ಮಗ ಗಾಬರಿಯಾಗಿ, ‘ಅಪ್ಪಾ, ಮತ್ತ ಎದಿ ನೋಯಾಕತ್ಯಾದೇನು?’ ಎಂದು ಕೇಳುತ್ತಾನೆ. ಆಪರೇಷನ್ ಕೆಟ್ಟಿತೇ ಎಂಬ ಅನುಮಾನ ಮನೆಮಂದಿಗೆಲ್ಲ. ಸರಿ, ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ಬರುತ್ತದೆ. ನಿಜವಾದ ಅಪಾಯ ಶುರುವಾಗುವುದು ಹೆಚ್ಚಾಗಿ ಈ ಮಾತ್ರೆಯಿಂದ, ಉರಿಯಿಂದಲ್ಲ.

ಒಂದು ಕಾಲಕ್ಕೆ ತೆರೆದ ಹೃದಯ ಶಸ್ತ್ರಚಿಕಿತ್ಸೆ ಈ ಭಾಗದ ಬಡವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಆರಂಭವಾದದ್ದೇ ರಾಯಚೂರು ಜಿಲ್ಲೆ ಸೇರಿದ ಗುಲಬರ್ಗಾ ವಿಭಾಗದಲ್ಲಿ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಹೀಗಾಗಿ ಎದೆಯ ನಡುವೆ ಉದ್ದನೆಯ ಗಾಯದ ಗುರುತು ಇರುವವರು ಈಗ ಹಳ್ಳಿಹಳ್ಳಿಯಲ್ಲೂ ಸಿಗುತ್ತಾರೆ. ಶಸ್ತ್ರಚಿಕಿತ್ಸೆಗೆ ಕಾರ್ಡು ನೆರವಾಗುತ್ತದೆ, ಆಮೇಲಿನ ಉರಿಯ ಬಗ್ಗೆ ಕೂತು ವಿವರಿಸುವವರು ಮಾತ್ರ ಸಿಗುವುದಿಲ್ಲ. ಆಪರೇಷನ್ ಮಾಡಿದ ವೈದ್ಯರು ನಾನ್ನೂರು ಕಿಲೋಮೀಟರು ದೂರದಲ್ಲಿರುತ್ತಾರೆ.

ಈ ಉರಿ ಹೃದಯದಿಂದ ಬರುವುದಲ್ಲ, ನರದಿಂದ ಬರುವುದು. ಹೃದಯವನ್ನು ತಲುಪಲು ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಎರಡೂ ಬದಿಗೆ ಅಗಲಿಸಿ ಹಿಡಿಯುತ್ತಾರೆ. ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಬೈಪಾಸ್ ಆದರೆ ಇನ್ನೂ ಒಂದು ಕೆಲಸವಿದೆ. ಎಡ ಎದೆಗೂಡಿನ ಒಳಗೋಡೆಯಲ್ಲಿ ನಡುಮೂಳೆಯ ಪಕ್ಕದಲ್ಲೇ ಇಳಿಯುವ ರಕ್ತನಾಳವೊಂದನ್ನು ಬಿಡಿಸಿ ಹೃದಯಕ್ಕೆ ಜೋಡಿಸುತ್ತಾರೆ. ಬಹು ವರ್ಷ ಬಾಳುವ ನಾಳವದು. ಆದರೆ ಅದನ್ನು ಬಿಡಿಸುವಾಗ ಪಕ್ಕೆಲುಬುಗಳ ನಡುವಿನಿಂದ ಚರ್ಮಕ್ಕೆ ಬರುವ ಸಣ್ಣ ನರಗಳಿಗೆ ಪೆಟ್ಟಾಗುವುದುಂಟು. ಎಡಗಡೆಯೇ ಹೆಚ್ಚು ಉರಿಯುವುದಕ್ಕೆ, ಅಲ್ಲೇ ಒಂದಿಷ್ಟು ಜಾಗ ಮರಗಟ್ಟುವುದಕ್ಕೆ ಇದೇ ಕಾರಣ.

ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಅದರ ಜೊತೆಜೊತೆಗೇ ಸಾಗುವ ನರಕ್ಕೆ ತೊಂದರೆಯಾಗಿ ಮೊಣಕಾಲ ಕೆಳಗಿನಿಂದ ಹಿಮ್ಮಡಿಯ ಒಳಭಾಗದವರೆಗೆ ಜೋಮು ಹಿಡಿಯುತ್ತದೆ. ಮೂಳೆಯನ್ನು ಅಗಲಿಸಿದಾಗ ತೋಳಿನ ನರಗಳ ಗೊಂಚಲು ಎಳೆದಂತಾಗಿ ಕಿರುಬೆರಳು, ಉಂಗುರಬೆರಳು ಜುಮುಗುಟ್ಟಬಹುದು. ಇದು ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹೋಗುತ್ತದೆ.

ಪಂಪ್‌ಸೆಟ್ಟಿನ ವೈರಿನ ಮೇಲಿನ ರಬ್ಬರು ಕಿತ್ತುಹೋದರೆ ಮುಟ್ಟಿದಲ್ಲಿ ಷಾಕ್ ಹೊಡೆಯುತ್ತದಲ್ಲ, ಪೆಟ್ಟಾದ ನರದ ಪಾಡೂ ಹೆಚ್ಚುಕಡಿಮೆ ಹಾಗೇ. ಗಾಯ ಮಾಗಿದ್ದರೂ ಅದು ತನ್ನಷ್ಟಕ್ಕೆ ನೋವಿನ ಸುದ್ದಿ ಕಳಿಸುತ್ತಿರುತ್ತದೆ. ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಸಾಕು, ನರಕ್ಕೆ ಅಷ್ಟು ಸಾಲದು. ಅದು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್.

ಕೆನಡಾದಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದ ಸಾವಿರಕ್ಕೂ ಹೆಚ್ಚು ಜನರನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೆ ನೂರಕ್ಕೆ 40 ಮಂದಿ ಸ್ವಲ್ಪವಾದರೂ ನೋವಿದೆ ಎಂದಿದ್ದರು. ಒಂದು ವರ್ಷಕ್ಕೆ ಅದು 17ರ ಆಸುಪಾಸಿಗೆ, ಎರಡು ವರ್ಷಕ್ಕೆ ಹತ್ತಕ್ಕಿಂತ ಕೆಳಗೆ ಇಳಿದಿತ್ತು. ಅಂದರೆ ನಾಲ್ಕನೇ ತಿಂಗಳಲ್ಲಿ ಉರಿ ಇರುವುದು ಅಪರೂಪವಲ್ಲ, ಅದು ಇಳಿಯುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ನರದ ನೋವು ಯಾವುದು, ಹೃದಯದ ನೋವು ಯಾವುದು? ನರದ ನೋವು ಚರ್ಮದ ಮೇಲೇ ಇದ್ದಂತಿರುತ್ತದೆ. ಉರಿ, ಚುಚ್ಚು, ಇರುವೆ ಹರಿದಾಡಿದ ಅನುಭವ. ಬಟ್ಟೆ ತಾಗಿದರೆ, ಗಾಯದ ಸುತ್ತ ಬೆರಳಾಡಿಸಿದರೆ ಹೆಚ್ಚುತ್ತದೆ. ನಡೆದರೂ ಅಷ್ಟೇ, ಕೂತರೂ ಅಷ್ಟೇ. ಹೃದಯದ ನೋವು ಹಾಗಲ್ಲ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗಿ, ನಿಂತರೆ ಕಡಿಮೆಯಾಗುತ್ತದೆ. ದವಡೆಗೋ ಎಡತೋಳಿಗೋ ಹರಿಯಬಹುದು. ಬೆವರು, ಉಸಿರುಕಟ್ಟುವಿಕೆ ಜೊತೆಗಿದ್ದರೆ ಅಥವಾ ಕೂತಾಗಲೂ ನೋವು ನಿಲ್ಲದಿದ್ದರೆ ಕಾಯಬಾರದು, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯವರಲ್ಲಿ ಈ ಲಕ್ಷಣಗಳು ಮಸುಕಾಗಿರುತ್ತವೆ. ಅನುಮಾನವಾದರೆ ಅವರು ಇಸಿಜಿ ಮಾಡಿಸಿಯೇ ನಿಶ್ಚಿಂತರಾಗಬೇಕು.

ಈಗ ಆ ಮಾತ್ರೆಯ ವಿಷಯ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಕೀಲುನೋವಿಗೆ ಕೆಲಸ ಮಾಡುತ್ತವೆ, ನರದ ಉರಿಗೆ ಅವುಗಳಿಂದ ಪ್ರಯೋಜನ ತೀರ ಕಡಿಮೆ. ಹಾನಿ ಮಾತ್ರ ಕಡಿಮೆಯಲ್ಲ. ಹೃದಯಾಘಾತದ ಸಾಧ್ಯತೆಯನ್ನು ಹೆಚ್ಚಿಸುತ್ತವೆ, ಮೂತ್ರಪಿಂಡವನ್ನು ಕೆಡಿಸಬಲ್ಲವು, ಮೈಯಲ್ಲಿ ನೀರು ನಿಲ್ಲಿಸುತ್ತವೆ. ಬೈಪಾಸ್ ಆದವರು ಆಸ್ಪಿರಿನ್, ಹಲವರು ಕ್ಲೊಪಿಡೊಗ್ರೆಲ್ ಸಹ ನುಂಗುತ್ತಿರುತ್ತಾರೆ. ಅವುಗಳ ಜೊತೆ ಇದೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಕವಾಟ ಬದಲಿಸಿಕೊಂಡು ವಾರ್ಫರಿನ್ ತೆಗೆದುಕೊಳ್ಳುವವರಿಗಂತೂ ನೋವಿನ ಇಂಜೆಕ್ಷನ್ ಚುಚ್ಚಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿ ಬಾತುಕೊಳ್ಳಬಹುದು. ‘ಒಂದು ಸೂಜಿ ಹಾಕ್ರಿ ಸರ’ ಎಂದು ಕೇಳುವ ರೂಢಿಯನ್ನು ಇವರು ಬಿಡಲೇಬೇಕು. ‘ನರದ ಇಂಜೆಕ್ಷನ್’ ಎಂದು ಕೊಡುವ ಬಿ-12 ಕೂಡ, ಅದರ ಕೊರತೆ ಇದ್ದವರಿಗಷ್ಟೇ ಉಪಯೋಗ. ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಆ ಕೊರತೆ ಇರಬಹುದು, ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ನರದ ನೋವಿಗೆ ಬೇರೆಯೇ ಔಷಧಿಗಳಿವೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಅವುಗಳಲ್ಲಿ ಮುಖ್ಯವಾದವು. ರಾತ್ರಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಮಂಪರು, ತಲೆಸುತ್ತು ಬರಬಹುದು. ಕಾಲು ಬಾತರೆ ವೈದ್ಯರಿಗೆ ತೋರಿಸಬೇಕು, ಅದು ಹೃದಯ ಸೋತದ್ದರಿಂದಲೋ ಮಾತ್ರೆಯಿಂದಲೋ ಅವರೇ ನೋಡಬೇಕಾಗುತ್ತದೆ. ಹಳೆಯ ಔಷಧಿ ಅಮಿಟ್ರಿಪ್ಟಿಲಿನ್ ಅಗ್ಗ, ಆದರೆ ಹೃದಯದ ಬಡಿತದ ಲಯ ಕೆಡಿಸುವ ಭಯವಿರುವುದರಿಂದ ಹೃದ್ರೋಗಿಗಳಿಗೆ ಎಚ್ಚರದಿಂದಲೇ ಕೊಡಬೇಕು. ಇವು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡು ಮೂರು ವಾರ ನೋಡಬೇಕು. ನೋವು ಹೋಯಿತೆಂದು ಒಮ್ಮೆಗೇ ನಿಲ್ಲಿಸಬಾರದು, ಇಳಿಸುತ್ತ ಬರಬೇಕು.

ಮನೆಯಲ್ಲಿ ಮಾಡಬಹುದಾದ್ದೂ ಉಂಟು. ಗಾಯ ಪೂರ್ತಿ ಮಾಗಿದ ಮೇಲೆ ಉರಿಯುವ ಜಾಗವನ್ನು ಮೊದಲು ಹತ್ತಿಯಿಂದ, ವಾರದ ನಂತರ ಮೆತ್ತನೆಯ ಬಟ್ಟೆಯಿಂದ, ಆಮೇಲೆ ಟವೆಲಿನಿಂದ ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ಮೆಲ್ಲಗೆ ಸವರಬೇಕು. ಸ್ಪರ್ಶ ಅಪಾಯವಲ್ಲವೆಂದು ನರ ನಿಧಾನವಾಗಿ ಕಲಿಯುತ್ತದೆ. ಮುಟ್ಟಬಾರದೆಂದು ಕಾಪಾಡಿಕೊಂಡಷ್ಟೂ ಉರಿ ಹೆಚ್ಚು. ಹಳೆಯ ಮೆತ್ತನೆಯ ಹತ್ತಿ ಬನಿಯನ್ನು ಟೆರಿಕಾಟ್ ಅಂಗಿಯ ಒಳಗಿರಲಿ. ಹೆಂಗಸರಿಗೆ ಸ್ತನದ ಭಾರ ಗಾಯವನ್ನು ಜಗ್ಗುವುದರಿಂದ ಮುಂದೆ ಹುಕ್ಕು ಇರುವ, ಬಿಗಿಯಿಲ್ಲದೆ ಆಧಾರ ಕೊಡುವ ಒಳಉಡುಪು ನೆಮ್ಮದಿ ಕೊಡುತ್ತದೆ. ನಾಚಿಕೆಯಿಂದ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಎದೆ ನೋಯುತ್ತದೆಂದು ಭುಜ ಮುದುರಿಕೊಂಡೇ ಇದ್ದರೆ ಹೆಗಲು ಬಿಗಿದು ಇನ್ನೊಂದು ನೋವು ಸೇರುತ್ತದೆ. ದಿನವೂ ತಂಪು ಹೊತ್ತಿನಲ್ಲಿ ನಡೆಯಿರಿ, ಭುಜ ಆಡಿಸಿರಿ.

ಉಪ್ಪಿನ ಗಂಟಿನ ಶಾಖ, ಬಿಸಿನೀರಿನ ಚೀಲ ಬೇಡವೇ ಬೇಡ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯದೆ ಬೊಬ್ಬೆ ಏಳುತ್ತದೆ. ತುಂಬಿದ ಕೊಡ, ಬೆನ್ನಿಗೆ ಕಟ್ಟುವ ಔಷಧಿ ಪಂಪು, ಟ್ರ್ಯಾಕ್ಟರಿನ ಕುಲುಕಾಟ ಮೊದಲ ಮೂರು ತಿಂಗಳು ದೂರವಿರಲಿ.

ಗಾಯ ಕೆಂಪಾಗಿ ಕೀವು ಸೋರಿದರೆ, ಜ್ವರ ಬಂದರೆ, ಕೆಮ್ಮಿದಾಗ ಎದೆಮೂಳೆ ಕಟಕಟ ಎಂದು ಅಲುಗಿದರೆ ಅದು ನರದ ಮಾತಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಇವೇನೂ ಇಲ್ಲದೆ ಬರೀ ಉರಿ ಮೂರು ತಿಂಗಳು ದಾಟಿ ನಿದ್ದೆಗೆಡಿಸುತ್ತಿದ್ದರೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಸಿಂಧನೂರಿನ ಫಿಜಿಷಿಯನ್ನರಿಗೋ ರಾಯಚೂರಿನ ರಿಮ್ಸ್‌ನಲ್ಲೋ ತೋರಿಸಬಹುದು; ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಇದೆ. ಮಾತ್ರೆಗೆ ಬಗ್ಗದ ನೋವಿಗೆ ನರದ ಬುಡದಲ್ಲಿ ಮದ್ದು ಚುಚ್ಚುವ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳ ಅರಿವಳಿಕೆ ತಜ್ಞರು ಮಾಡುತ್ತಾರೆ. ಹೋಗುವಾಗ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ‘ಎದೆನೋವು’ ಎಂದಷ್ಟೇ ಹೇಳದೆ, ಉರಿಯೋ, ಚುಚ್ಚೋ, ಹಿಂಡುವುದೋ ಎಂದು ಬೆರಳಿಟ್ಟು ತೋರಿಸಿ ಹೇಳಿ.