ಜೀಪನ್ನು ಎತ್ತರಿಸುವ ವಿಚಾರ

ಮಲೆನಾಡಿನ ಒಳಹಳ್ಳಿಗಳಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ಜೀಪು ಹೊಸ ವಸ್ತುವೇನೂ ಅಲ್ಲ. ಟಾರು ರಸ್ತೆ ಮುಗಿದ ಮೇಲೆ ಮನೆಯವರೆಗೆ ಉಳಿಯುವ ಮೂರು ನಾಲ್ಕು ಕಿಲೋಮೀಟರು ಹಾದಿಯಲ್ಲಿ ಅದರ ಹಿಂಬದಿಯ ಬೆಂಚಿನ ಮೇಲೆ ಕುಳಿತು, ಮಂಡಿಗೆ ಮಂಡಿ ತಾಗಿಸಿಕೊಂಡು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಇತ್ತೀಚೆಗೆ ಈ ಜೀಪುಗಳನ್ನು ಎತ್ತರಿಸುವ ಹವ್ಯಾಸವೊಂದು ಹಬ್ಬಿದೆ. ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ಬೋಲ್ಟುಗಳೆಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಜೋಡಿಸಿ 'ಲಿಫ್ಟ್ ಕಿಟ್' ಎಂಬ ಹೆಸರಿನಿಂದ ಮಾರುತ್ತಾರೆ. ಎರಡು ಇಂಚಿನದು, ಮೂರು ಇಂಚಿನದು, ನಾಲ್ಕು ಇಂಚಿನದು ಎಂದು ಬಗೆಬಗೆಯವು ದೊರೆಯುತ್ತವೆ. ಕೊಳ್ಳುವವನ ಮನಸ್ಸು ಸಹಜವಾಗಿಯೇ ನಾಲ್ಕರ ಕಡೆಗೆ ಓಡುತ್ತದೆ. ಅಲ್ಲಿಯೇ ತಪ್ಪು ಮೊದಲಾಗುವುದೆಂಬುದು ನನ್ನ ಅನುಭವ.

ನಮ್ಮ ಚಿಕ್ಕಪ್ಪನವರ ಬಳಿ ಹಳೆಯ ಮಹೀಂದ್ರ ಜೀಪೊಂದಿದೆ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ್ದು. ಮುಂದೆಯೂ ಹಿಂದೆಯೂ ಒಂದರ ಮೇಲೊಂದು ಉಕ್ಕಿನ ಪ್ಲೇಟು ಜೋಡಿಸಿದ ಸ್ಪ್ರಿಂಗುಗಳು. ಬೇಸಗೆಯಲ್ಲಿ ಅದು ಕಾಫಿ ಮೂಟೆಯನ್ನೂ ಗೊಬ್ಬರವನ್ನೂ ಹೊರುತ್ತದೆ. ಮಳೆಗಾಲದಲ್ಲಿ ಶಾಲೆಯ ಮಕ್ಕಳನ್ನೂ ಕಾಯಿಲೆಯವರನ್ನೂ ಹೆರಿಗೆಯ ಹೆಂಗಸರನ್ನೂ ಟಾರು ರಸ್ತೆ ಮುಟ್ಟಿಸಲು ನಮ್ಮ ಕೇರಿಗೆ ಅದೊಂದೇ ಗತಿ. ಹಾದಿಯ ನಡುವೆ ನೀರು ಕೊರೆದು ಕೊರೆದು ದಿಬ್ಬ ಉಳಿದಿರುವುದರಿಂದ ಜೀಪಿನ ಹೊಟ್ಟೆ ಅಲ್ಲಲ್ಲಿ ಉಜ್ಜುತ್ತಿತ್ತು. ಚಿಕ್ಕಪ್ಪ ಇದಕ್ಕೆ ಬೇಸತ್ತು ಜೀಪನ್ನು ಎತ್ತರಿಸಬೇಕೆಂದು ನಿಶ್ಚಯಿಸಿದರು.

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಜೀಪಿನ ಅಡಿಯಲ್ಲಿ ನೆಲಕ್ಕೆ ತಗಲಬಹುದಾದ ಭಾಗಗಳು ಎರಡು ಬಗೆಯವು. ಸ್ಪ್ರಿಂಗಿನ ಮೇಲೆ ಕುಳಿತಿರುವವು ಒಂದು ಬಗೆ: ಚಾಸಿ, ಗೇರುಪೆಟ್ಟಿಗೆ, ಸೈಲೆನ್ಸರು, ಡೀಸೆಲ್ ಟ್ಯಾಂಕು. ಸ್ಪ್ರಿಂಗಿನ ಕೆಳಗಿರುವವು ಇನ್ನೊಂದು ಬಗೆ: ಎತ್ತಿನ ಗಾಡಿಯ ಅಚ್ಚಿನಂತೆ ಎರಡು ಚಕ್ರಗಳ ನಡುವೆ ಹಾದುಹೋಗುವ ಆಕ್ಸಲ್ಲು ಮತ್ತು ಅದರ ನಡುವೆ ಉಬ್ಬಿಕೊಂಡಿರುವ ಡಿಫರೆನ್ಶಿಯಲ್ಲಿನ ಗುಂಡು. ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಮೇಲೇಳುವುದು ಮೊದಲನೆಯ ಬಗೆಯವು ಮಾತ್ರ. ಅಚ್ಚು ಇದ್ದಲ್ಲಿಯೇ ಇರುತ್ತದೆ. ಏಕೆಂದರೆ ಅದು ಚಕ್ರದ ಮೇಲೆ ನಿಂತಿದೆಯೇ ಹೊರತು ಸ್ಪ್ರಿಂಗಿನ ಮೇಲೆ ಅಲ್ಲ. ನಾಲ್ಕು ಇಂಚಿನ ಕಿಟ್ಟು ಹಾಕಿದ ಜೀಪೂ ಹಾಕದ ಜೀಪೂ ಒಂದೇ ಕಲ್ಲಿಗೆ ಗುಂಡು ಬಡಿದುಕೊಂಡು ನಿಲ್ಲುವುದನ್ನು ಕಂಡು ಅಚ್ಚರಿಪಡುವವರಿದ್ದಾರೆ, ಅಚ್ಚರಿಗೆ ಕಾರಣವಿಲ್ಲ.

ಆದುದರಿಂದ ಕೊಳ್ಳುವ ಮೊದಲು ನಿಜವಾಗಿ ಏನು ತಗಲುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು. ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಜೀಪಿನ ಅಡಿಯ ಭಾಗಗಳಿಗೆಲ್ಲ ಸುಣ್ಣ ಬಳಿದು, ಒಣಗಿದ ಮೇಲೆ, ಎಂದಿನ ಭಾರ ಹೇರಿ ಎಂದಿನ ಹಾದಿಯಲ್ಲಿ ಒಮ್ಮೆ ಹೋಗಿಬರುವುದು. ಸುಣ್ಣ ಉಜ್ಜಿಹೋದ ಜಾಗವೇ ಉತ್ತರ. ಚಾಸಿ ಉಜ್ಜಿದ್ದರೆ ಸ್ಪ್ರಿಂಗಿನ ಮಾತು. ಗುಂಡು ಉಜ್ಜಿದ್ದರೆ ಟೈರಿನ ಮಾತು.

ಟೈರಿನ ಲೆಕ್ಕ ಸುಲಭ. ಅದರ ಮೈಮೇಲೆ 215/75 ಆರ್ 15 ಎಂದು ಬರೆದಿದ್ದರೆ, ಅಗಲ 215 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಒಳಗಿನ ಉಕ್ಕಿನ ಚಕ್ರದ ವ್ಯಾಸ 15 ಇಂಚು ಎಂದರ್ಥ. ಕೂಡಿದರೆ ಟೈರಿನ ಪೂರ್ಣ ವ್ಯಾಸ ಸುಮಾರು 703 ಮಿ.ಮೀ. ಅದರ ಬದಲು 235/75 ಹಾಕಿದರೆ ಸುಮಾರು 733. ವ್ಯಾಸದಲ್ಲಿ ಹೆಚ್ಚಿದ್ದು 30. ಅಚ್ಚು ಮೇಲೆದ್ದುದು ಅದರ ಅರ್ಧ, 15 ಮಿ.ಮೀ. ಮಾತ್ರ. 31 ಇಂಚಿನ ಟೈರು ಹಾಕಿದರೂ ದೊರೆಯುವುದು 42 ಮಿ.ಮೀ. ಆದರೆ ಆಗ ವೇಗದ ಮುಳ್ಳು 50 ತೋರಿಸುವಾಗ ಜೀಪು ನಿಜವಾಗಿ 56ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಇಂಜಿನು ಮೊದಲಿಗಿಂತ ಬೇಗ ಉಸ್ಸೆನ್ನುತ್ತದೆ. ಬ್ರೇಕು ಹಿಡಿಯಲು ಹೆಚ್ಚು ಬಲ ಬೇಕು. ದೊಡ್ಡ ಟೈರು ತಿರುಗುವಾಗ ಮಡ್‌ಗಾರ್ಡಿಗೆ ತಾಗದಿರಲೆಂದೇ ಎಷ್ಟೋ ಮಂದಿ ಸ್ಪ್ರಿಂಗನ್ನು ಎತ್ತರಿಸುತ್ತಾರೆ. ಅದು ಸರಿಯಾದ ಕಾರಣವೇ. ಆದರೆ ಟೈರನ್ನು ಮೊದಲು ನಿಶ್ಚಯಿಸಿ ಅದಕ್ಕೆ ಬೇಕಾದಷ್ಟೇ ಎತ್ತರ ಕೊಳ್ಳಬೇಕಲ್ಲದೆ, ಎತ್ತರ ಕೊಂಡು ಆಮೇಲೆ ಟೈರು ಹುಡುಕಬಾರದು.

ಚಿಕ್ಕಪ್ಪ ಸುಣ್ಣ ಬಳಿಯುವವರೆಗೆ ಕಾಯಲಿಲ್ಲ. ಪೇಟೆಯ ಒಂದು ವರ್ಕ್‌ಷಾಪಿನವರು ಅತಿ ಅಗ್ಗದ ದಾರಿ ಹೇಳಿಕೊಟ್ಟರು. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ನೇರವಾಗಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ಎರಡು ಪಟ್ಟಿಗಳ ಮೂಲಕ ಉಯ್ಯಾಲೆಯಂತೆ ತೂಗುತ್ತಿರುತ್ತದೆ. ಆ ಪಟ್ಟಿಗಳನ್ನು ತೆಗೆದು ಮೂರು ಇಂಚು ಉದ್ದನೆಯವನ್ನು ಹಾಕಿದರು. ಒಂದೇ ತುದಿ ಏರುವುದರಿಂದ ನಡುವಿನಲ್ಲಿ ದೊರೆಯುವುದು ಅರ್ಧ, ಎಂದರೆ ಒಂದೂವರೆ ಇಂಚು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಜೀಪು ಎದೆಯೆತ್ತಿ ನಿಂತಿತು. ಮನೆಗೆ ಬರುವಾಗಲೇ ಚಿಕ್ಕಪ್ಪ, "ಏನೋ, ಸ್ಟಿಯರಿಂಗು ತಾನಾಗಿ ವಾಪಸು ಬರ್ತಾ ಇಲ್ಲ ನೋಡು" ಎಂದರು. ಮೂರನೆಯ ದಿನ ಎಂಟು ಜನರನ್ನು ಕೂರಿಸಿಕೊಂಡು ಇಳಿಜಾರಿನ ತಿರುವಿನಲ್ಲಿ ಬರುತ್ತಿದ್ದಾಗ, ತಿರುಗಿದ ಚಕ್ರ ನೆಟ್ಟಗಾಗದೆ ಜೀಪು ಚರಂಡಿಗೆ ಇಳಿದು ಓರೆಯಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಚರಂಡಿ ಇದ್ದುದು ಗುಡ್ಡದ ಕಡೆಗೆ. ಕಣಿವೆಯ ಕಡೆಗೆ ಇರಲಿಲ್ಲ. ಇದನ್ನು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಾರಣ ಹೀಗಿದೆ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಸವಾರನ ಕಡೆಗೆ ಸ್ವಲ್ಪ ವಾಲಿರುವುದನ್ನು ಎಲ್ಲರೂ ನೋಡಿದ್ದೇವೆ. ಮೋಟಾರಿನ ಮುಂದಿನ ಚಕ್ರ ತಿರುಗುವ ಕೀಲೂ ಹಾಗೆಯೇ ಹಿಂದಕ್ಕೆ ವಾಲಿರುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೆಟ್ಟಗಾಗಲು ಈ ವಾಲುವಿಕೆ ಸಹಾಯಮಾಡುತ್ತದೆ. ಇದಕ್ಕೆ ಕ್ಯಾಸ್ಟರ್ ಎಂದು ಹೆಸರು. ವಿಲ್ಲಿಸ್ ಮಾದರಿಯಲ್ಲಿ ಇದು ಕೇವಲ 3 ಡಿಗ್ರಿ. ಆ ಜೀಪುಗಳಲ್ಲಿ ಮುಂದಿನ ಶ್ಯಾಕಲ್ ಇರುವುದು ಸ್ಪ್ರಿಂಗಿನ ಮುಂದುದಿಯಲ್ಲಿ. ಸುಮಾರು 36 ಇಂಚು ಉದ್ದದ ಸ್ಪ್ರಿಂಗಿನ ಮುಂದುದಿಯನ್ನು ಚಾಸಿಯಿಂದ 3 ಇಂಚು ದೂರ ಮಾಡಿದರೆ, ಸ್ಪ್ರಿಂಗೂ ಅದರೊಡನೆ ಅಚ್ಚೂ ಹೆಚ್ಚುಕಡಿಮೆ 5 ಡಿಗ್ರಿ ಮುಂದಕ್ಕೆ ವಾಲುತ್ತವೆ. ಇದ್ದ 3 ಡಿಗ್ರಿಯೂ ಹೋಗಿ ಮೇಲೆ ಸಾಲವಾಯಿತು! ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ಬೆಣೆ ಕೊಟ್ಟು ಇದನ್ನು ಸರಿಪಡಿಸಬಹುದು. ಆದರೆ ಅದನ್ನು ಹೇಳುವವರು ಕಡಮೆ.

ಅಗ್ಗದ ದಾರಿಗಳು ಇನ್ನೂ ಇವೆ. ಹಿಂದಿನ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ದಿಮ್ಮಿ ಇಡುವುದೊಂದು; ಮುಂದಿನ ಅಚ್ಚಿಗೆ ಇದನ್ನು ಮಾಡಲೇಬಾರದು, ಹಿಂದೆಯೂ ದಿಮ್ಮಿಯ ಮೇಲೆ ದಿಮ್ಮಿ ಪೇರಿಸಬಾರದು. ಇನ್ನೊಂದು, ಸ್ಪ್ರಿಂಗಿಗೆ ದಪ್ಪ ಪ್ಲೇಟು ಸೇರಿಸುವುದು. ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ನೆನಪಿಡಬೇಕು: 6 ಮಿ.ಮೀ. ಪ್ಲೇಟಿಗಿಂತ 7 ಮಿ.ಮೀ. ಪ್ಲೇಟು ಒಂದೂವರೆ ಪಟ್ಟಿಗೂ ಮೀರಿ ಗಡುಸು. ಮೂಟೆ ಹೇರಿದಾಗ ಅದು ಚೆನ್ನ. ಬರಿದಾಗಿ ಹೋಗುವಾಗ ಜೀಪು ಆಡಿನಂತೆ ನೆಗೆಯುತ್ತದೆ. ಗಡುಸು ಸ್ಪ್ರಿಂಗು ಹಳ್ಳದೊಳಕ್ಕೆ ಇಳಿದು ಬಾಗದಿರುವುದರಿಂದ ಒಂದು ಚಕ್ರ ಗಾಳಿಯಲ್ಲಿ ತೂಗಿ ಸುಮ್ಮನೆ ಸುತ್ತುತ್ತದೆ. ಕಾಡುಹಾದಿಯಲ್ಲಿ ಗಾಡಿಯನ್ನು ಮುಂದಕ್ಕೊಯ್ಯುವುದು ನೆಲಕ್ಕೆ ತಾಗಿದ ಚಕ್ರವೇ ಹೊರತು ಎತ್ತರವಲ್ಲ. ಆದುದರಿಂದ ಕಿಟ್ಟಿನ ಪೆಟ್ಟಿಗೆಯ ಮೇಲೆ ಎಷ್ಟು ಇಂಚು ಎಂದು ನೋಡುವುದಕ್ಕಿಂತ ಎಷ್ಟು ಭಾರಕ್ಕೆ ಮಾಡಿದ್ದು ಎಂದು ಕೇಳುವುದು ಲೇಸು. ವರ್ಷದ ಹೆಚ್ಚು ದಿನ ತಾನು ಹೊರುವ ಭಾರ ಯಾವುದೋ ಅದಕ್ಕೆ ತಕ್ಕದ್ದನ್ನು ಆರಿಸಬೇಕು.

ಹೊಸ ಗಾಡಿಗಳ ತೊಡಕುಗಳು ಬೇರೆ. 2010ರಲ್ಲಿ ಬಂದ ಮೊದಲ ಥಾರಿನ ಮುಂಭಾಗದಲ್ಲಿ ಪ್ಲೇಟು ಸ್ಪ್ರಿಂಗಿನ ಬದಲು ತಿರುಚುವ ಸರಳು ಇತ್ತು. ಅದರ ಬೋಲ್ಟನ್ನು ತಿರುಗಿಸಿದರೆ ಸಾಕು, ಮುಂಭಾಗ ಮೇಲೇಳುತ್ತದೆ. ಆದರೆ ಚಕ್ರಕ್ಕೆ ಹೋಗುವ ಕೀಲುಗಳು ತೀರ ಓರೆಯಾಗಿ ಅವುಗಳ ರಬ್ಬರು ಚೀಲ ಬೇಗ ಹರಿಯುತ್ತದೆ. 2020ರ ಥಾರಿಗೆ ಸುರುಳಿ ಸ್ಪ್ರಿಂಗು. 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಮಾರುತಿ ಜಿಮ್ನಿಗೆ ಸುರುಳಿ ಸ್ಪ್ರಿಂಗಿನ ಜೊತೆಗೆ ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳೂ ಇದೆ. ಗಾಡಿಯನ್ನು ಎತ್ತರಿಸಿದರೆ ಈ ಸರಳು ಅಚ್ಚನ್ನೇ ಒಂದು ಪಕ್ಕಕ್ಕೆ ಎಳೆಯುವುದರಿಂದ, ಉದ್ದ ಹೊಂದಿಸಬಹುದಾದ ಸರಳು ಕಿಟ್ಟಿನಲ್ಲಿದೆಯೇ ಎಂದು ನೋಡಬೇಕು. ಸುರುಳಿಯ ಮೇಲೆ ಬಿಲ್ಲೆಯಿಟ್ಟು ಎತ್ತರಿಸುವುದೂ ಉಂಟು. ಷಾಕ್ ಅಬ್ಸಾರ್ಬರನ್ನು ಬದಲಿಸದೆ ಬಿಲ್ಲೆ ಮಾತ್ರ ಇಟ್ಟರೆ ಮೊದಲೇ ಹಿಗ್ಗಿಕೊಂಡ ಷಾಕು ಹಳ್ಳ ಬಂದಾಗ ಮತ್ತೆ ಹಿಗ್ಗಲಾರದು. ಆಗ ಚಕ್ರದ ಭಾರವನ್ನೆಲ್ಲ ಅದೇ ಹಿಡಿದುಕೊಳ್ಳಬೇಕಾಗುತ್ತದೆ. ಬ್ರೇಕಿನ ರಬ್ಬರು ಕೊಳವೆಯದೂ ಇದೇ ಕಥೆ. ಚಕ್ರ ಪೂರ್ತಿ ಇಳಿದು ತೂಗುವಾಗ ಕೊಳವೆ ಸಡಿಲವಾಗಿಯೇ ಇರಬೇಕು. ಬಿಗಿಯಾದರೆ ಎಂದಾದರೊಂದು ದಿನ ಕಿತ್ತುಬರುತ್ತದೆ.

ಇನ್ನು ಉರುಳುವ ವಿಚಾರ. ಎರಡು ಪಕ್ಕದ ಚಕ್ರಗಳ ನಡುವೆ 125 ಸೆಂಟಿಮೀಟರು ಅಂತರವಿದೆಯೆಂದೂ, ಎಂಟು ಜನ ಕುಳಿತಾಗ ಜೀಪಿನ ಭಾರದ ಕೇಂದ್ರ ನೆಲದಿಂದ 75 ಸೆಂ.ಮೀ. ಮೇಲಿದೆಯೆಂದೂ ಇಟ್ಟುಕೊಳ್ಳೋಣ. ನಿಂತ ಜೀಪು ಸುಮಾರು 40 ಡಿಗ್ರಿ ಓರೆಯಾದರೆ ಉರುಳುತ್ತದೆ. 10 ಸೆಂ.ಮೀ. ಕಿಟ್ಟು ಹಾಕಿದರೆ, ಚಕ್ರವೂ ಅಚ್ಚೂ ಮೇಲೇಳದ ಕಾರಣ ಭಾರದ ಕೇಂದ್ರ ಸುಮಾರು 9 ಸೆಂ.ಮೀ. ಏರೀತು, ಮಿತಿ 37 ಡಿಗ್ರಿಗೆ ಇಳಿಯುತ್ತದೆ. ಮೂರೇ ಡಿಗ್ರಿಯಲ್ಲವೇ ಎನ್ನಬಹುದು. ಆದರೆ ಇದು ಸಮನಾದ ಹಲಗೆಯ ಮೇಲೆ ನಿಂತ ಜೀಪಿನ ಲೆಕ್ಕ. ಚಲಿಸುವ ಜೀಪಿನಲ್ಲಿ ಕೆಳಪಕ್ಕದ ಸ್ಪ್ರಿಂಗು ಕುಗ್ಗುತ್ತದೆ, ಮೇಲುಪಕ್ಕದ ಚಕ್ರ ಕಲ್ಲು ಹತ್ತುತ್ತದೆ, ಬೆಂಚಿನ ಮೇಲಿನವರೆಲ್ಲ ಒಂದೇ ಕಡೆಗೆ ವಾಲುತ್ತಾರೆ. ಅಲ್ಲಿ ನಿಜವಾದ ಮಿತಿ ಬಹಳ ಕೆಳಗೆ ಇರುತ್ತದೆ. ಉಳಿದದ್ದರಲ್ಲಿ ಮೂರು ಡಿಗ್ರಿ ದೊಡ್ಡ ಪಾಲು. ಇದರ ಜೊತೆಗೆ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಹೋಗುವ ಷಾಫ್ಟು ಚಿಕ್ಕ ಜೀಪಿನಲ್ಲಿ ಗಿಡ್ಡ. ಅದು 50 ಸೆಂ.ಮೀ. ಉದ್ದವಿದ್ದರೆ 5 ಸೆಂ.ಮೀ. ಎತ್ತರಕ್ಕೆ ಸುಮಾರು 6 ಡಿಗ್ರಿ, 10 ಸೆಂ.ಮೀ. ಎತ್ತರಕ್ಕೆ ಸುಮಾರು 12 ಡಿಗ್ರಿ ಹೆಚ್ಚು ಓರೆಯಾಗುತ್ತದೆ. ಕೀಲು ನಡುಗಿ ಸವೆಯುತ್ತದೆ. ನಿಜವಾಗಿ ಅಗತ್ಯವಿದ್ದವರಿಗೂ ಎರಡು ಇಂಚಿನ ಒಳಗೇ ನಿಲ್ಲಿಸಿರಿ ಎಂದು ನಾನು ಹೇಳುವುದು ಈ ಎರಡು ಲೆಕ್ಕಗಳಿಂದ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ನು, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಕಿಟ್ಟಿಗೆ ಹಣ ಕೊಡುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಅವಶ್ಯ. ಮಾರುವವರು "ಏನೂ ಆಗೋಲ್ಲ ಸಾರ್" ಎನ್ನುತ್ತಾರೆ. ಅಪಘಾತವಾದ ದಿನ ವಿಮೆಯವರ ಮುಂದೆ ನಿಲ್ಲುವವರು ಅವರಲ್ಲ.

ಚರಂಡಿಯ ಪ್ರಸಂಗದ ಬಳಿಕ ಚಿಕ್ಕಪ್ಪ ಜೀಪನ್ನು ಇನ್ನೊಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿಗೆ ಒಯ್ದರು. ಅವರು ಮೊದಲು ಉದ್ದನೆಯ ಶ್ಯಾಕಲ್ಲುಗಳನ್ನು ಬಿಚ್ಚಿ ಹಳೆಯವನ್ನೇ ಹಾಕಿದರು. ಅನಂತರ ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಅಚ್ಚಿಗೂ ಚಾಸಿಗೂ ನಡುವಿನ ಅಂತರವನ್ನು ನಾಲ್ಕು ಮೂಲೆಯಲ್ಲೂ ಅಳೆದು ಕೈಪಿಡಿಯೊಡನೆ ಹೋಲಿಸಿದರು. ಹಿಂದುಗಡೆ ಸುಮಾರು ಎರಡು ಇಂಚು, ಮುಂದೆ ಒಂದು ಇಂಚು ಕಡಿಮೆ! ಇಪ್ಪತ್ತು ವರ್ಷ ಮೂಟೆ ಹೊತ್ತು ಸ್ಪ್ರಿಂಗುಗಳ ಬಾಗು ಸತ್ತುಹೋಗಿತ್ತು. "ಗೌಡ್ರೇ, ನಿಮ್ಮ ಜೀಪಿಗೆ ಎತ್ತರ ಬೇಡ, ಕಳಕೊಂಡದ್ದು ವಾಪಸು ಬಂದರೆ ಸಾಕು" ಎಂದರು ಅವರು. ತಯಾರಕರ ಅಳತೆಯ ಹೊಸ ಸ್ಪ್ರಿಂಗು, ಹೊಸ ಷಾಕು, ಹೊಸ ರಬ್ಬರು ಬುಷ್ಷು, ಇಷ್ಟೇ. ಲಿಫ್ಟ್ ಕಿಟ್ಟಿಗಿಂತ ಕಡಿಮೆ ಖರ್ಚು, ಕಾನೂನಿನ ತಕರಾರೂ ಇಲ್ಲ. ಸ್ಪ್ರಿಂಗನ್ನು ಅಚ್ಚಿಗೆ ಕಟ್ಟುವ ಯು-ಬೋಲ್ಟುಗಳನ್ನು ಮಾತ್ರ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರೆಂದು ಎರಡೆರಡು ಸಲ ಹೇಳಿ ಕಳುಹಿಸಿದರು.

ಆ ಮಳೆಗಾಲಕ್ಕೆ ಮೊದಲು ನಾವು ಸುಣ್ಣದ ಪರೀಕ್ಷೆಯನ್ನೂ ಮಾಡಿದೆವು. ಚಾಸಿಯ ಸುಣ್ಣ ಹಾಗೆಯೇ ಇತ್ತು. ಹಿಂದಿನ ಗುಂಡಿನ ಮೇಲೆ ಮಾತ್ರ ಒಂದು ಗೀರು. ಅದು ಎಲ್ಲಿ ಆದದ್ದೆಂದು ಹುಡುಕಿದಾಗ ಹಳ್ಳದ ಏರಿನಲ್ಲಿರುವ ಬಂಡೆಯೊಂದು ಸಿಕ್ಕಿತು. ಮರುದಿನ ನಾನೂ ಚಿಕ್ಕಪ್ಪನೂ ಪಕ್ಕದ ಮನೆಯವರೂ ಹಾರೆ ಹಾಕಿ ಅದನ್ನು ಒಂದಡಿ ಪಕ್ಕಕ್ಕೆ ಸರಿಸಿದೆವು.