ದೆವ್ವದ ಬಂಗಲೆ ಮತ್ತು 'ಆಧಾರಗಳು' ಪಾಠ

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ ಭಾಗ ಆರಂಭವಾಗುವುದು 'ಆಧಾರಗಳು' ಎಂಬ ಅಧ್ಯಾಯದಿಂದ. ಲಿಖಿತ, ಮೌಖಿಕ, ಪ್ರಾಕ್ತನ ಎಂಬ ವರ್ಗೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಎರಡೆರಡು ಉದಾಹರಣೆ ಕೊಟ್ಟರೆ ಪಾಠ ಮುಗಿಸಿದಂತೆ ಆಗುತ್ತದೆ. ಪರೀಕ್ಷೆಗೂ ಅಷ್ಟು ಸಾಕು. ಆದರೆ ಒಂದು ಆಧಾರವನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಿ ನೋಡುವ ಕೆಲಸ ಅಷ್ಟರಿಂದ ಮಕ್ಕಳ ಕೈಗೆ ಬರುವುದಿಲ್ಲ. ಈ ಬಾರಿಯ ಅಭ್ಯಾಸ ಬೋಧನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಗೆ ಹೋಗಿದ್ದ ನಾನು, ಈ ಘಟಕವನ್ನು ಹಳೆಯ ಕಟ್ಟಡಗಳಿಗೆ ಅಂಟಿಕೊಂಡಿರುವ ದೆವ್ವದ ಕಥೆಗಳ ಮೂಲಕ ಎರಡು ಅವಧಿಗಳಲ್ಲಿ ಬೋಧಿಸಿದೆ. ಆ ಕ್ರಮವನ್ನೂ ಅದರ ಹಿಂದಿನ ಕಾರಣವನ್ನೂ ತರಗತಿಯಲ್ಲಿ ಎದ್ದ ಒಂದು ಕಷ್ಟದ ಪ್ರಶ್ನೆಯನ್ನೂ ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ದೆವ್ವದ ಕಥೆಯೇ ಏಕೆ?

ಮೌಖಿಕ ಆಧಾರಕ್ಕೆ ನಾವು ಸಾಮಾನ್ಯವಾಗಿ ಲಾವಣಿ, ಜನಪದ ಕಾವ್ಯಗಳ ಹೆಸರು ಹೇಳುತ್ತೇವೆ. ಇಂದಿನ ಎಷ್ಟೋ ಮಕ್ಕಳು ಅವನ್ನು ಕೇಳಿಯೇ ಇಲ್ಲ. ಆದರೆ ಊರಿನ ಪಾಳು ಬಂಗಲೆ, ಮುಚ್ಚಿದ ಬಾವಿ, ಕೋಟೆಯ ಒಡಕು ಬುರುಜು ಇವುಗಳ ಬಗ್ಗೆ ಪ್ರತಿ ಮಗುವಿನ ಹತ್ತಿರವೂ ಒಂದು ಕಥೆ ಇರುತ್ತದೆ. ಅಜ್ಜಿ ಹೇಳಿದ್ದು, ಟ್ರ್ಯಾಕ್ಟರ್ ಓಡಿಸುವ ಮಾವ ಹೇಳಿದ್ದು, ಮೊಬೈಲಿನಲ್ಲಿ ನೋಡಿದ್ದು. ಅಂದರೆ ಮಕ್ಕಳು ಮೌಖಿಕ ಆಧಾರಗಳನ್ನು ಹೊತ್ತುಕೊಂಡೇ ತರಗತಿಗೆ ಬರುತ್ತಾರೆ.

ಇಂಥ ಕಥೆ ಬಂದಾಗ ಶಿಕ್ಷಕರಿಗೆ ಎರಡು ಸುಲಭದ ದಾರಿಗಳಿವೆ. 'ಅದೆಲ್ಲ ಮೂಢನಂಬಿಕೆ, ಕೂತ್ಕೊ' ಎನ್ನುವುದು ಒಂದು. ಮಕ್ಕಳ ಗಮನ ಸೆಳೆಯಲು ಪೀಠಿಕೆಯಲ್ಲಿ ಕಥೆಯನ್ನು ಚೆನ್ನಾಗಿ ಹೇಳಿ, ಆಮೇಲೆ ಅದನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುವುದು ಇನ್ನೊಂದು. ಮೊದಲನೆಯದರಿಂದ ಮಗು ಮನೆಯ ಮಾತನ್ನು ಶಾಲೆಗೆ ತರುವುದನ್ನೇ ನಿಲ್ಲಿಸುತ್ತದೆ. ಎರಡನೆಯದರಿಂದ ಕಥೆಯೇ ಇತಿಹಾಸವಾಗಿ ಉಳಿಯುತ್ತದೆ. ಕಥೆಯನ್ನು ತಳ್ಳಿಹಾಕದೆ, ನಂಬಿಯೂ ಬಿಡದೆ, ಅದನ್ನೂ ಒಂದು ಆಧಾರವೆಂದು ಪರಿಗಣಿಸಿ ಪ್ರಶ್ನೆ ಕೇಳುವುದು ಮೂರನೆಯ ದಾರಿ. ಅದಕ್ಕಾಗಿ ಮೂರು ಪ್ರಶ್ನೆಗಳನ್ನು ಕಪ್ಪುಹಲಗೆಯ ಬಲಭಾಗದಲ್ಲಿ ಬರೆದೆ. ಎರಡೂ ಅವಧಿಗಳಲ್ಲಿ ಅವನ್ನು ಒರೆಸಲಿಲ್ಲ.

1. ಕಥೆ ಏನು ಹೇಳುತ್ತದೆ?
2. ಕಲ್ಲು ಮತ್ತು ಕಾಗದ ಏನು ಹೇಳುತ್ತವೆ?
3. ಎರಡಕ್ಕೂ ವ್ಯತ್ಯಾಸವಿದ್ದರೆ, ಅದು ಏಕೆ ಹುಟ್ಟಿರಬಹುದು?

ಕನ್ನಡದ 'ಅಂತೆ'

ಈ ಪಾಠಕ್ಕೆ ಬೇಕಾದ ಬೋಧನೋಪಕರಣ ನಮ್ಮ ಭಾಷೆಯಲ್ಲೇ ಇದೆ. 'ಅಲ್ಲಿ ಒಬ್ಬ ದೊರೆ ಇದ್ದ' ಎನ್ನುವುದಕ್ಕೂ 'ಅಲ್ಲಿ ಒಬ್ಬ ದೊರೆ ಇದ್ದನಂತೆ' ಎನ್ನುವುದಕ್ಕೂ ವ್ಯತ್ಯಾಸವೇನು ಎಂದು ಕೇಳಿದೆ. 'ಅಂತೆ ಅಂದ್ರೆ ಯಾರೋ ಯೋಳಿದ್ದು ಮೇಡಂ, ನಾವು ನೋಡಿದ್ದಲ್ಲ' ಎಂದು ಹಿಂದಿನ ಬೆಂಚಿನ ಹುಡುಗ ಥಟ್ಟನೆ ಹೇಳಿದ. ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರೆ ಮಾಡುವ ಗುರುತು ಇದು. ಇತಿಹಾಸಕಾರರು ಮಾಡುವ ಮೊದಲ ಕೆಲಸವನ್ನು ಹಳ್ಳಿಯ ಅಜ್ಜಿಯೂ ಪ್ರತಿದಿನ ಮಾಡುತ್ತಿರುತ್ತಾಳೆ. ಅಂತೆಕಂತೆ ಎಂದು ನಾವು ಹಗುರವಾಗಿ ಆಡುವ ಮಾತಿನಲ್ಲಿ ಈ ಎಚ್ಚರವೂ ಇದೆ.

ಮಕ್ಕಳು ತಾವು ಕೇಳಿದ ಕಥೆಯನ್ನು ಐದು ವಾಕ್ಯಗಳಲ್ಲಿ ಬರೆದು, 'ಅಂತೆ' ಬರಬೇಕಾದಲ್ಲೆಲ್ಲ ಅಡಿಗೆರೆ ಎಳೆದರು. ಗೆರೆ ಇಲ್ಲದೆ ಉಳಿದ ವಾಕ್ಯಗಳು ಬಹಳ ಕಡಿಮೆ: 'ಅಲ್ಲಿ ಒಂದು ಮನೆ ಇದೆ', 'ಅದರ ಬಾಗಿಲು ಮುರಿದಿದೆ'. ಯಾವುದು ಮೌಖಿಕ ಆಧಾರ, ಯಾವುದು ಪ್ರಾಕ್ತನ ಆಧಾರ ಎಂಬುದನ್ನು ನಾನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಸ್ಕಾಟ್ ಬಂಗಲೆ: ಕಥೆ ಒಂದು, ಕಲ್ಲು ಒಂದು

ಉದಾಹರಣೆಗೆ ಆರಿಸಿಕೊಂಡದ್ದು ಶ್ರೀರಂಗಪಟ್ಟಣದ ಕಾವೇರಿ ದಂಡೆಯ ಸ್ಕಾಟ್ ಬಂಗಲೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬ್ರಿಟಿಷರ ವಶವಾಯಿತು. ಆಮೇಲೆ ಅಲ್ಲಿ ಅವರ ಸೇನೆ ನೆಲೆ ನಿಂತಿತು, ಫಿರಂಗಿ ಗಾಡಿಗಳನ್ನು ತಯಾರಿಸುವ ಕಾರ್ಖಾನೆ ನಡೆಯಿತು. ಅದರ ಉಸ್ತುವಾರಿ ಹೊತ್ತಿದ್ದ ಮದ್ರಾಸ್ ಸೇನೆಯ ಅಧಿಕಾರಿ ಕರ್ನಲ್ ಸ್ಕಾಟ್ ವಾಸವಿದ್ದ ಮನೆ ಇದು.

ಕಥೆ ಹೀಗಿದೆ. ಒಂದು ದಿನ ಸ್ಕಾಟ್ ಸಾಹೇಬರು ಹೊರಗಿನಿಂದ ಮನೆಗೆ ಬಂದಾಗ ಹೆಂಡತಿಯೂ ಮಕ್ಕಳೂ ಕಾಲರಾದಿಂದ ಸತ್ತು ಬಿದ್ದಿದ್ದರಂತೆ. ಸಾಹೇಬರು ಆ ಕ್ಷಣವೇ ಮನೆ ಬಿಟ್ಟು ಹೋದರಂತೆ, ಕಾವೇರಿಗೆ ಹಾರಿದರಂತೆ. ಮೈಸೂರಿನ ಮಹಾರಾಜರು ಮನೆಯನ್ನು ಇದ್ದ ಹಾಗೆಯೇ ಕಾಯಬೇಕೆಂದು ಅಪ್ಪಣೆ ಮಾಡಿದರಂತೆ. ಮೇಜು, ಕುರ್ಚಿ, ಮಂಚ ಎಲ್ಲ ಹಾಗೆಯೇ ಧೂಳು ಹಿಡಿದು ಕೂತಿದ್ದವಂತೆ. ರಾತ್ರಿ ಅಲ್ಲಿ ಯಾರೋ ಓಡಾಡುವ ಸದ್ದು ಬರುತ್ತದಂತೆ.

ಈಗ ಎರಡನೆಯ ಪ್ರಶ್ನೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಗೆ ಗ್ಯಾರಿಸನ್ ಸ್ಮಶಾನ ಇದೆ. 1800ರ ಆಸುಪಾಸಿನಿಂದ 1860ರ ದಶಕದವರೆಗಿನ ಸುಮಾರು ಮುನ್ನೂರು ಗೋರಿಗಳು ಅಲ್ಲಿವೆ. ಅವುಗಳಲ್ಲಿ ಒಂದು ಕರ್ನಲ್ ಸ್ಕಾಟ್ ಅವರ ಪತ್ನಿ ಕ್ಯಾರೊಲೈನ್ ಇಸಬೆಲ್ಲಾ ಸ್ಕಾಟ್ ಅವರದು. ಆಕೆ ತೀರಿಕೊಂಡದ್ದು 1817ರಲ್ಲಿ, ಹೆರಿಗೆಯಲ್ಲಿ. ಸ್ಕಾಟ್ ನದಿಗೆ ಹಾರಲಿಲ್ಲ, ಆಮೇಲೆ ತಮ್ಮ ದೇಶಕ್ಕೆ ಮರಳಿದರು.

ಕಾಲರಾದ ಮಾತನ್ನು ಪರೀಕ್ಷಿಸಲು ಇಸವಿಗಳೇ ಸಾಕು. ಕಾಲರಾ ಮೊದಲ ಬಾರಿಗೆ ಮಹಾಮಾರಿಯಾಗಿ ಹಬ್ಬತೊಡಗಿದ್ದು 1817ರ ಆಗಸ್ಟ್‌ನಲ್ಲಿ, ಬಂಗಾಳದ ಜೆಸ್ಸೋರ್ ಪ್ರದೇಶದಿಂದ. ಅದು ದಕ್ಷಿಣಕ್ಕೆ ವ್ಯಾಪಿಸಿದ್ದು 1818ರಲ್ಲಿ. ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದು ಈ ಮೂರು ಘಟನೆಗಳನ್ನು ಗುರುತು ಮಾಡಿದಾಗ, 'ಆ ರೋಗ ಇಲ್ಲಿಗೆ ಬರೋಕೂ ಮುಂಚೆನೇ ಆಯಮ್ಮ ತೀರಿಹೋಗಿದ್ರು' ಎಂದು ಮಕ್ಕಳೇ ಹೇಳಿದರು.

ವ್ಯತ್ಯಾಸ ಹುಟ್ಟಿದ್ದು ಏಕೆ?

ಈ ಪಾಠದ ತಿರುಳು ಇರುವುದು ಮೂರನೆಯ ಪ್ರಶ್ನೆಯಲ್ಲಿ. ಕಥೆ ಸುಳ್ಳೆಂದು ತೋರಿಸಿ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಗುಂಪು ಚರ್ಚೆಯಲ್ಲಿ ಮಕ್ಕಳು ನೀಡಿದ ಕಾರಣಗಳನ್ನು ಚರಿತ್ರೆಯ ಸಂಗತಿಗಳೊಂದಿಗೆ ಜೋಡಿಸಿ ಮೂರಾಗಿ ಬರೆದೆವು.

ಒಂದು, ಊರು ಬರಿದಾಯಿತು. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ ಹೆಚ್ಚಾಗಿದ್ದ ಕಾರಣ ಬ್ರಿಟಿಷರು 1809ರಲ್ಲಿ ಸೇನೆಯ ದೊಡ್ಡ ಭಾಗವನ್ನು ಬೆಂಗಳೂರಿನ ದಂಡುಪ್ರದೇಶಕ್ಕೆ ಸಾಗಿಸಿದರು. ಮುಂದೆ ಅಲ್ಲಿ ಉಳಿದದ್ದು ಖಾಲಿ ಮನೆಗಳು. ಮನೆ ಖಾಲಿಯಾದ ಕಾರಣ ಮರೆತುಹೋದರೆ, ಕಾರಣದ ಜಾಗದಲ್ಲಿ ಕಥೆ ಬಂದು ಕೂರುತ್ತದೆ.

ಎರಡು, ನಂತರ ಬಂದ ದೊಡ್ಡ ಭಯ ಹಿಂದಿನ ಸಾವಿಗೆ ಅಂಟಿಕೊಂಡಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕಾಲರಾ ಮತ್ತೆ ಮತ್ತೆ ಬಂತು. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಇಲ್ಲ ಎಂಬುದನ್ನು ಕಂಡ ಜನ, ಹಠಾತ್ ಸಾವು ಎಂದರೆ ಕಾಲರಾ ಎಂದೇ ನೆನಪಿಟ್ಟುಕೊಂಡಿರಬೇಕು.

ಮೂರು, ಕಥೆ ಅಚ್ಚಾಯಿತು. 1870ರ ದಶಕದಲ್ಲಿ ವಾಲ್ಟರ್ ಯೆಲ್ಡಮ್ ಎಂಬ ಬ್ರಿಟಿಷ್ ಅಧಿಕಾರಿ 'ಅಲಿಫ್ ಚೀಮ್' ಎಂಬ ಹೆಸರಿನಲ್ಲಿ ಈ ಪಾಳು ಬಂಗಲೆಯ ಬಗ್ಗೆ ಇಂಗ್ಲಿಷಿನಲ್ಲಿ ಪದ್ಯ ಬರೆದ. ಮುದ್ರಣಗೊಂಡಿತು ಎಂದ ಮಾತ್ರಕ್ಕೆ ಅದು ದಾಖಲೆಯಲ್ಲ ಎಂಬ ಮುಖ್ಯ ಅಂಶವನ್ನು ಇಲ್ಲಿ ಹೇಳಲು ಅವಕಾಶವಾಯಿತು. ಲಿಖಿತ ಆಧಾರವೂ ಕೆಲವೊಮ್ಮೆ ಬರೆದಿಟ್ಟ 'ಅಂತೆ'ಯೇ.

ಫಲಕ ಓದುವ ಚಟುವಟಿಕೆ

ಎರಡನೆಯ ಅವಧಿಯಲ್ಲಿ, ಕಲಿತ ಪ್ರಶ್ನೆಗಳನ್ನು ದೂರದ ಸ್ಥಳವೊಂದಕ್ಕೆ ಅನ್ವಯಿಸಲು, ಮಕ್ಕಳಿಗೆ ಮೊಬೈಲಿನಿಂದ ಪರಿಚಯವಿದ್ದ ರಾಜಸ್ಥಾನದ ಆಲ್ವಾರ್ ಜಿಲ್ಲೆಯ ಭಾನಗಢ ಕೋಟೆಯನ್ನು ತೆಗೆದುಕೊಂಡೆ. ಊರು ಹಾಳಾದದ್ದಕ್ಕೆ ಅಲ್ಲಿ ಎರಡು ಐತಿಹ್ಯಗಳಿವೆ. ರಾಜಕುಮಾರಿ ರತ್ನಾವತಿಯ ಮೇಲೆ ಕಣ್ಣಿಟ್ಟ ಮಾಂತ್ರಿಕನೊಬ್ಬ ಸಾಯುವಾಗ ಶಾಪ ಕೊಟ್ಟನಂತೆ. ಇನ್ನೊಂದರ ಪ್ರಕಾರ, ಅರಮನೆಯ ನೆರಳು ತನ್ನ ಗುಡಿಸಿಲ ಮೇಲೆ ಬಿದ್ದದ್ದಕ್ಕೆ ಬಾಲೂನಾಥ ಎಂಬ ಸಾಧು ಶಪಿಸಿದನಂತೆ. ಒಂದೇ ಊರಿಗೆ ಎರಡು ಬೇರೆ ಬೇರೆ ಶಾಪಗಳು ಇರುವುದೇ ಕಾರಣ ಮರೆತುಹೋಗಿದೆ ಎಂಬುದರ ಸೂಚನೆ. ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಈ ಊರು ಕ್ರಮೇಣ ಕ್ಷೀಣಿಸಿತು. 1783ರ ಕ್ಷಾಮದ ನಂತರ ಪೂರ್ತಿ ಬರಿದಾಯಿತು ಎಂಬುದು ಅದರ ಚರಿತ್ರೆ.

'ಸರ್ಕಾರದೋರೇ ಬೋರ್ಡ್ ಹಾಕವ್ರೆ ಮೇಡಂ, ರಾತ್ರಿ ಹೋಗಬೇಡಿ ಅಂತ' ಎಂದು ಒಬ್ಬ ವಾದಿಸಿದ. ನಿಜ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಫಲಕ ಅಲ್ಲಿದೆ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಪ್ರವೇಶವಿಲ್ಲ ಎಂಬುದು ಅದರ ಸಾರ. ಈ ಸಾರವನ್ನು ಹಲಗೆಯ ಮೇಲೆ ಬರೆದು, 'ಇದರಲ್ಲಿ ಏನಿದೆ, ಏನಿಲ್ಲ?' ಎಂದು ಕೇಳಿದೆ. ದೆವ್ವ ಎಂಬ ಪದ ಅದರಲ್ಲಿ ಇಲ್ಲ. 1959ರ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ತೆರೆದಿರುವುದೇ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಇಲ್ಲದ್ದನ್ನು ಓದಿಕೊಳ್ಳುವುದು ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತರಗತಿಯಲ್ಲಿ ಎದ್ದ ಪ್ರಶ್ನೆ

ಪಾಠಯೋಜನೆಯಲ್ಲಿ ಇಲ್ಲದ ಒಂದು ಪ್ರಶ್ನೆ ಎರಡನೆಯ ಅವಧಿಯ ಕೊನೆಯಲ್ಲಿ ಬಂತು. ಒಬ್ಬ ಹುಡುಗಿ ಎದ್ದು, 'ಬಾಣಂತಿ ಸತ್ರೆ ದೆವ್ವ ಆಗ್ತಾರೆ ಅಂತಾರಲ್ಲ, ಅದೂ ಬರೀ ಅಂತೆನಾ ಮೇಡಂ?' ಎಂದು ಕೇಳಿದಳು. ತರಗತಿ ನಿಶ್ಶಬ್ದವಾಯಿತು. ಕೆಲವರು ತಿರುಗಿ ಇನ್ನೊಂದು ಮಗುವಿನ ಮುಖ ನೋಡಿದ ರೀತಿಯಲ್ಲೇ, ಇದು ಪುಸ್ತಕದ ಪ್ರಶ್ನೆಯಲ್ಲ ಎಂದು ತಿಳಿಯಿತು. ಆ ಮನೆಯ ವಿವರ ಇಲ್ಲಿ ಬೇಡ.

ಉತ್ತರಕ್ಕೆ ಹಲಗೆಯ ಮೇಲಿದ್ದ ಮೂರು ಪ್ರಶ್ನೆಗಳನ್ನೇ ಬಳಸಿದೆ. ಬಾಣಂತಿ ದೆವ್ವದ ಮಾತು ನಮ್ಮ ನಾಡಿನ ಹಲವೆಡೆ ಇದೆ. ಅದು ಕಥೆ ಹೇಳುವುದು. ವಿಪರೀತ ರಕ್ತಸ್ರಾವ, ನಂಜು, ರಕ್ತದೊತ್ತಡ ಇವು ಹೆರಿಗೆಯ ಸಾವಿಗೆ ಮುಖ್ಯ ಕಾರಣಗಳು ಎಂಬುದು ವೈದ್ಯರು ಹೇಳುವುದು. ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ, ಕೈ ತೊಳೆದು ಹೆರಿಗೆ ಮಾಡಿಸಿದರೆ ಬಾಣಂತಿಯರ ಸಾವು ಕಡಿಮೆಯಾಗುತ್ತದೆಂದು ತೋರಿಸಿದ್ದು 1847ರಲ್ಲಿ. ಅದು ಸ್ಕಾಟ್ ಅವರ ಪತ್ನಿ ತೀರಿಕೊಂಡ ಮೂವತ್ತು ವರ್ಷಗಳ ನಂತರ. ಕಾರಣ ಗೊತ್ತಿಲ್ಲದ ಕಾಲದಲ್ಲಿ, ಕೂಸನ್ನು ಬಿಟ್ಟು ಹೋದ ತಾಯಿಯ ಜೀವ ಸಮಾಧಾನವಾಗಿ ಹೋಗಿರಲಾರದು ಎಂದು ಜನ ಸಂಕಟಪಟ್ಟರು. ಆ ಸಂಕಟವೇ ದೆವ್ವದ ಮಾತಾಗಿರಬಹುದು. ಆದರೆ ಅದೇ ಮಾತು ಇಂದು ಸತ್ತವಳನ್ನು ಹೆದರಿಕೆಯ ವಸ್ತುವಾಗಿಯೂ ಅವಳ ಮಕ್ಕಳನ್ನು ಬೇರೆಯವರಾಗಿಯೂ ಮಾಡುತ್ತದೆ. 'ಸ್ಕಾಟ್ ಬಂಗಲೆಯ ಕಥೆಯಲ್ಲಿ ಆಯಮ್ಮನ ಹೆಸರಿತ್ತಾ?' ಎಂದು ಕೇಳಿದೆ. ಇರಲಿಲ್ಲ. ಸಾಹೇಬರ ಹೆಸರಿತ್ತು, ಮಹಾರಾಜರಿದ್ದರು, ಮೇಜು ಕುರ್ಚಿಗಳೂ ಇದ್ದವು. ಆಕೆಯ ಹೆಸರನ್ನೂ ಆಕೆ ಹೇಗೆ ತೀರಿಕೊಂಡಳು ಎಂಬುದನ್ನೂ ಕಥೆ ಬಿಟ್ಟುಬಿಟ್ಟಿತ್ತು.

ಮರುದಿನ ಮನೆಗೆಲಸದ ಪುಸ್ತಕಗಳನ್ನು ನೋಡುವಾಗ, ಒಂದರಲ್ಲಿ ಕೇಳಿದ ಕಥೆಯ ಬದಲು ಒಬ್ಬ ತಾಯಿಯ ಹೆಸರು, ಊರು, ತೀರಿಕೊಂಡ ಇಸವಿ ಇಷ್ಟನ್ನೇ ಬರೆದಿತ್ತು. ಅಡಿಗೆರೆ ಎಲ್ಲೂ ಇರಲಿಲ್ಲ. ಅದಕ್ಕೆ ಅಂಕ ಹಾಕದೆ ಸಹಿ ಮಾಡಿ ಕೊಟ್ಟೆ.

ಬೋಧಿಸುವವರಿಗೆ ಕೆಲವು ಸೂಚನೆಗಳು

ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ನಮ್ಮ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದೂ ಇದೆ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದೂ ಇದೆ. ಈ ಪಾಠದಲ್ಲಿ ಎರಡಕ್ಕೂ ಅವಕಾಶವಿದೆ. ಬೋಧಿಸುವಾಗ ಕೆಳಗಿನ ಅಂಶಗಳು ಗಮನದಲ್ಲಿರಲಿ.

• ಉದಾಹರಣೆಗೆ ಚಾರಿತ್ರಿಕ ಕಟ್ಟಡವನ್ನೇ ಆರಿಸಿಕೊಳ್ಳಿ. ಜನ ವಾಸವಿರುವ ಮನೆ, ಇತ್ತೀಚೆಗೆ ಸಾವು ಸಂಭವಿಸಿದ ಜಾಗ ಬೇಡ.

• ಕಲ್ಲು ಅಥವಾ ಕಾಗದದ ಒಂದಾದರೂ ಆಧಾರ ಕೈಯಲ್ಲಿದ್ದರೆ ಮಾತ್ರ ಕಥೆಯನ್ನು ತರಗತಿಗೆ ತನ್ನಿ. ಇಲ್ಲವಾದರೆ ಎರಡನೆಯ ಪ್ರಶ್ನೆಗೆ ಉತ್ತರವಿರುವುದಿಲ್ಲ.

• 'ನಿಮ್ಮ ಮನೆಯಲ್ಲಿ ಯಾರಿಗಾದರೂ ಮೈಮೇಲೆ ಬರುತ್ತದೆಯೇ' ಎಂಬಂಥ ಪ್ರಶ್ನೆಗಳನ್ನು ಕೇಳಬಾರದು.

• ಹೆದರಿಕೆಯ ಕಥೆಗೆ ಉಪಯೋಗವೂ ಇದೆ ಎಂಬುದನ್ನು ಹೇಳಿ. ಕುಸಿಯುವ ಗೋಡೆ, ಕಟ್ಟೆಯಿಲ್ಲದ ಬಾವಿ, ಹಾವು ಇರುವ ಕಡೆ ಮಕ್ಕಳು ಹೋಗದಂತೆ ಅದು ಬೇಲಿಯಾಗಿ ನಿಂತಿದೆ. ಪಾಳು ಮನೆಯ ರಾತ್ರಿಯ ಸದ್ದಿಗೆ ಬಾವಲಿ, ಗೂಬೆ, ಹೆಗ್ಗಣಗಳು ಸಾಕು ಎಂಬುದನ್ನೂ ಸೇರಿಸಿ.

• ಮೌಲ್ಯಮಾಪನಕ್ಕೆ 'ದೆವ್ವ ಇದೆಯೇ, ಇಲ್ಲವೇ?' ಎಂದು ಕೇಳುವುದಕ್ಕಿಂತ, 'ಈ ಕಥೆಯಲ್ಲಿ ಯಾವ ಮಾತನ್ನು ಪರೀಕ್ಷಿಸಬಹುದು? ಯಾವ ಆಧಾರದಿಂದ?' ಎಂದು ಕೇಳಿ. ಮೊದಲನೆಯದಕ್ಕೆ ಮಕ್ಕಳು ನಮಗೆ ಇಷ್ಟವಾಗುವ ಉತ್ತರ ಬರೆಯುತ್ತಾರೆ, ಎರಡನೆಯದಕ್ಕೆ ಯೋಚಿಸಿ ಬರೆಯುತ್ತಾರೆ.

• ಅವಕಾಶವಿದ್ದರೆ ಹಗಲಿನಲ್ಲಿ ಸ್ಥಳ ಭೇಟಿ ಮಾಡಿಸಿ. ಗೋರಿಗಲ್ಲು, ಶಾಸನ, ಇಲಾಖೆಯ ಫಲಕ ಇವುಗಳಲ್ಲಿರುವ ಹೆಸರು ಮತ್ತು ಇಸವಿಗಳನ್ನು ಪ್ರತಿ ಮಗುವೂ ತನ್ನ ಕೈಯಿಂದ ಬರೆದುಕೊಳ್ಳಲಿ. ಗೋಡೆಯ ಮೇಲೆ ತಮ್ಮ ಹೆಸರು ಕೆತ್ತದಂತೆ ಮೊದಲೇ ತಿಳಿಸಿ.