ಪುರುಷರ ಹಾಕಿ ವಿಶ್ವಕಪ್ ಪಂದ್ಯಾವಳಿ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕ್ರೀಡಾ ಸಾಧನೆಯ ಆಧಾರದ ಮೇಲೆ ನೇಮಕಾತಿ, ಪಿಂಚಣಿ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವವರು ತಾವು ಭಾಗವಹಿಸಿದ ಪಂದ್ಯಾವಳಿಯ ಹೆಸರು, ವರ್ಷ ಹಾಗೂ ಮಟ್ಟವನ್ನು ನಿಖರವಾಗಿ ನಮೂದಿಸಬೇಕಾಗುತ್ತದೆ. ಹಾಕಿ ಆಟದಲ್ಲಿ ವಿಶ್ವಕಪ್, ಕಿರಿಯರ ವಿಶ್ವಕಪ್, ಚಾಂಪಿಯನ್ಸ್ ಟ್ರೋಫಿ, ಏಷ್ಯಾ ಕಪ್, ಅಜ್ಲಾನ್ ಷಾ ಕಪ್ ಎಂದು ಹಲವು ಅಂತಾರಾಷ್ಟ್ರೀಯ ಪಂದ್ಯಾವಳಿಗಳಿರುವುದರಿಂದ ಒಂದನ್ನು ಮತ್ತೊಂದೆಂದು ಭಾವಿಸುವ ಸಂಭವವಿರುತ್ತದೆ. ಆದ್ದರಿಂದ ಪುರುಷರ ಹಾಕಿ ವಿಶ್ವಕಪ್ ಎಂದರೇನು, ಅದು ನಡೆಯುವ ಬಗೆ ಹೇಗೆ, ಅದರಲ್ಲಿ ಭಾರತದ ಸ್ಥಾನವೇನು ಎಂಬುದನ್ನು ಅರ್ಜಿದಾರರು, ಪೋಷಕರು ಹಾಗೂ ಕ್ರೀಡಾಸಕ್ತರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಪಂದ್ಯಾವಳಿಯ ಉಗಮ

ಹಾಕಿ ಕ್ರೀಡೆಗೆ ಬಹುಕಾಲದವರೆಗೆ ಒಲಿಂಪಿಕ್ ಕೂಟವೇ ಅತ್ಯುನ್ನತ ವೇದಿಕೆಯಾಗಿತ್ತು. ಹಾಕಿಗೇ ಮೀಸಲಾದ ವಿಶ್ವಮಟ್ಟದ ಸ್ಪರ್ಧೆಯೊಂದು ಬೇಕೆಂಬ ಪ್ರಸ್ತಾವವು ಪಾಕಿಸ್ತಾನದ ಏರ್ ಮಾರ್ಷಲ್ ನೂರ್ ಖಾನ್ ಅವರಿಂದ ಬಂದಿತು. ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ ಇದನ್ನು ಅಂಗೀಕರಿಸಿತು. ಮೊದಲ ಪಂದ್ಯಾವಳಿಯನ್ನು ಪಾಕಿಸ್ತಾನದಲ್ಲಿ ನಡೆಸಲು ಉದ್ದೇಶಿಸಲಾಗಿತ್ತಾದರೂ, ಅಂದಿನ ರಾಜಕೀಯ ಪರಿಸ್ಥಿತಿಯ ಕಾರಣದಿಂದ ಅದನ್ನು 1971ರ ಅಕ್ಟೋಬರ್ ತಿಂಗಳಿನಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ನಡೆಸಲಾಯಿತು. ಹತ್ತು ತಂಡಗಳು ಪಾಲ್ಗೊಂಡವು. ಪಾಕಿಸ್ತಾನವು ಸ್ಪೇನ್ ತಂಡವನ್ನು 1–0 ಅಂತರದಿಂದ ಮಣಿಸಿ ಮೊದಲ ವಿಶ್ವಕಪ್ ಪಡೆಯಿತು. ಭಾರತಕ್ಕೆ ಮೂರನೆಯ ಸ್ಥಾನ ದೊರೆಯಿತು. ಮಹಿಳೆಯರ ವಿಶ್ವಕಪ್ 1974ರಲ್ಲಿ ಪ್ರತ್ಯೇಕವಾಗಿ ಪ್ರಾರಂಭವಾಯಿತು.

ಆರಂಭದಲ್ಲಿ ಎರಡು ವರ್ಷಗಳಿಗೊಮ್ಮೆ ನಡೆದ ಪಂದ್ಯಾವಳಿಯು 1982ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಪದ್ಧತಿಗೆ ಬಂದಿತು. 2018ರ ನಂತರದ ಆವೃತ್ತಿಯು ಮಾತ್ರ ಐದನೆಯ ವರ್ಷದಲ್ಲಿ, ಅಂದರೆ 2023ರ ಜನವರಿಯಲ್ಲಿ ನಡೆಯಿತು. 2026ರ ಆವೃತ್ತಿಯ ಆತಿಥ್ಯವನ್ನು ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳಿಗೆ ಜಂಟಿಯಾಗಿ ವಹಿಸಲಾಗಿದೆ.

3. ಅರ್ಹತೆ ಮತ್ತು ಸ್ಪರ್ಧೆಯ ಸ್ವರೂಪ

ವಿಶ್ವಕಪ್ ಆಹ್ವಾನದ ಮೇರೆಗೆ ಆಡುವ ಪಂದ್ಯಾವಳಿಯಲ್ಲ. ಆತಿಥೇಯ ರಾಷ್ಟ್ರದ ಹೊರತು ಉಳಿದೆಲ್ಲ ತಂಡಗಳೂ ಅರ್ಹತೆಯನ್ನು ಗಳಿಸಿಯೇ ಬರಬೇಕು. ಖಂಡಮಟ್ಟದ ಚಾಂಪಿಯನ್ ತಂಡಗಳಿಗೆ ನೇರ ಪ್ರವೇಶವಿರುತ್ತದೆ. ಉಳಿದ ಸ್ಥಾನಗಳನ್ನು ಪ್ರೊ ಲೀಗ್ ಹಾಗೂ ಅರ್ಹತಾ ಪಂದ್ಯಾವಳಿಗಳ ಮೂಲಕ ತುಂಬಲಾಗುತ್ತದೆ. ಭಾರತವು 2025ರ ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾ ಕಪ್ ಗೆದ್ದು 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ನಾಲ್ಕು ಬಾರಿ ವಿಶ್ವಕಪ್ ಗೆದ್ದ ಪಾಕಿಸ್ತಾನವು 2014 ಮತ್ತು 2023ರಲ್ಲಿ ಅರ್ಹತೆಯನ್ನೇ ಪಡೆಯಲಾಗಲಿಲ್ಲ. ಹಿಂದಿನ ಕೀರ್ತಿಯನ್ನು ಇಲ್ಲಿ ಪರಿಗಣಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

2018 ಮತ್ತು 2023ರ ಆವೃತ್ತಿಗಳಲ್ಲಿ 16 ತಂಡಗಳನ್ನು ತಲಾ ನಾಲ್ಕರಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಗುಂಪಿನಲ್ಲಿ ಗೆಲುವಿಗೆ 3 ಅಂಕ, ಸಮಬಲಕ್ಕೆ 1 ಅಂಕ. ಪ್ರಥಮ ಸ್ಥಾನ ಪಡೆದ ತಂಡವು ನೇರವಾಗಿ ಕ್ವಾರ್ಟರ್ ಫೈನಲ್ ತಲುಪುತ್ತಿತ್ತು. ಎರಡು ಮತ್ತು ಮೂರನೆಯ ಸ್ಥಾನದ ತಂಡಗಳು ಮತ್ತೊಂದು ಗುಂಪಿನ ತಂಡಗಳೊಡನೆ "ಕ್ರಾಸ್ ಓವರ್" ಪಂದ್ಯವನ್ನು ಆಡಿ ಗೆಲ್ಲಬೇಕಾಗಿತ್ತು. ಅಂಕಗಳು ಸಮವಾದಾಗ ಗೆಲುವುಗಳ ಸಂಖ್ಯೆಯನ್ನೂ, ಅದೂ ಸಮವಾದಲ್ಲಿ ಗೋಲುಗಳ ವ್ಯತ್ಯಾಸವನ್ನೂ ಪರಿಗಣಿಸಲಾಗುತ್ತಿತ್ತು.

ಈ ಲೆಕ್ಕದ ಮಹತ್ವವು ಭಾರತದ ಉದಾಹರಣೆಯಿಂದಲೇ ತಿಳಿಯುತ್ತದೆ. 2018ರಲ್ಲಿ ಭಾರತ ಮತ್ತು ಬೆಲ್ಜಿಯಂ ತಲಾ 7 ಅಂಕ ಗಳಿಸಿದವು. ಗೋಲು ವ್ಯತ್ಯಾಸದಲ್ಲಿ ಮುಂದಿದ್ದ ಭಾರತವು ನೇರವಾಗಿ ಕ್ವಾರ್ಟರ್ ಫೈನಲ್ ಪ್ರವೇಶಿಸಿ, ಅಲ್ಲಿ ನೆದರ್ಲೆಂಡ್ಸ್ ಎದುರು 1–2ರಿಂದ ಸೋತಿತು. ಕ್ರಾಸ್ ಓವರ್ ಹಾದಿ ಹಿಡಿದ ಬೆಲ್ಜಿಯಂ ತಂಡವೇ ಕೊನೆಗೆ ವಿಶ್ವಕಪ್ ಗೆದ್ದಿತು. 2023ರಲ್ಲಿ ಭಾರತವು ಸ್ಪೇನ್ ತಂಡವನ್ನು 2–0, ವೇಲ್ಸ್ ತಂಡವನ್ನು 4–2 ಅಂತರದಿಂದ ಮಣಿಸಿತು. ಇಂಗ್ಲೆಂಡ್ ಎದುರಿನ ಪಂದ್ಯವು 0–0 ಸಮಬಲವಾಯಿತು. ಎರಡೂ ತಂಡಗಳಿಗೆ 7 ಅಂಕಗಳು. ಆದರೆ ಇಂಗ್ಲೆಂಡಿನ ಗೋಲು ವ್ಯತ್ಯಾಸ 9, ಭಾರತದ್ದು 4. ಐದು ಗೋಲುಗಳ ಈ ಕೊರತೆಯಿಂದ ಭಾರತವು ಕ್ರಾಸ್ ಓವರ್ ಪಂದ್ಯಕ್ಕೆ ಇಳಿಯಬೇಕಾಯಿತು. ನ್ಯೂಜಿಲೆಂಡ್ ಎದುರು ಪಂದ್ಯವು 3–3 ಸಮವಾಗಿ, ಶೂಟೌಟ್‌ನಲ್ಲಿ 4–5ರಿಂದ ಸೋತು ತವರಿನಲ್ಲಿಯೇ ಸ್ಪರ್ಧೆಯಿಂದ ಹೊರಬಿದ್ದಿತು.

4. ಆಟದ ಮುಖ್ಯ ನಿಯಮಗಳು

ಅ) ಮೈದಾನದ ಉದ್ದ 91.40 ಮೀಟರ್, ಅಗಲ 55 ಮೀಟರ್. ಪ್ರತಿ ತಂಡದಲ್ಲಿ ಮೈದಾನದೊಳಗೆ 11 ಆಟಗಾರರಿರುತ್ತಾರೆ.

ಆ) ತಲಾ 15 ನಿಮಿಷಗಳ ನಾಲ್ಕು ಅವಧಿಗಳಿರುತ್ತವೆ. 2014ರ ವಿಶ್ವಕಪ್‌ವರೆಗೆ ತಲಾ 35 ನಿಮಿಷಗಳ ಎರಡು ಅವಧಿಗಳ ಪದ್ಧತಿಯಿತ್ತು.

ಇ) ಗೋಲಿನ ಮುಂದಿನ ವೃತ್ತದ ಒಳಗಿನಿಂದ ಹೊಡೆದ ಚೆಂಡು ಮಾತ್ರ ಗೋಲಾಗಿ ಪರಿಗಣಿತವಾಗುತ್ತದೆ.

ಈ) ವೃತ್ತದೊಳಗೆ ರಕ್ಷಣಾ ತಂಡವು ನಿಯಮ ಉಲ್ಲಂಘಿಸಿದಲ್ಲಿ ಎದುರಾಳಿಗೆ ಪೆನಾಲ್ಟಿ ಕಾರ್ನರ್ ನೀಡಲಾಗುತ್ತದೆ. ಆಗ ಗೋಲಿ ಸೇರಿ ಐವರು ಮಾತ್ರ ಗೋಲು ರೇಖೆಯ ಹಿಂದೆ ನಿಂತು ರಕ್ಷಿಸಬಹುದು. ಉಳಿದವರು ಮೈದಾನದ ಮಧ್ಯರೇಖೆಯ ಆಚೆ ಇರತಕ್ಕದ್ದು. ಖಚಿತವಾಗಿ ಗೋಲಾಗಬಹುದಾಗಿದ್ದ ಅವಕಾಶವನ್ನು ತಪ್ಪು ಆಟದಿಂದ ತಡೆದಲ್ಲಿ ಪೆನಾಲ್ಟಿ ಸ್ಟ್ರೋಕ್ ನೀಡಲಾಗುತ್ತದೆ.

ಉ) ಹಸಿರು ಕಾರ್ಡ್ ಪಡೆದ ಆಟಗಾರನು 2 ನಿಮಿಷ, ಹಳದಿ ಕಾರ್ಡ್ ಪಡೆದವನು ಕನಿಷ್ಠ 5 ನಿಮಿಷ ಹೊರಗಿರಬೇಕು. ಕೆಂಪು ಕಾರ್ಡ್ ಪಡೆದವನು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ.

ಊ) ನಾಕೌಟ್ ಪಂದ್ಯವು ಸಮಬಲವಾದಲ್ಲಿ ಶೂಟೌಟ್ ನಡೆಸಲಾಗುತ್ತದೆ. ಪ್ರತಿ ತಂಡದ ಐವರು ಒಬ್ಬೊಬ್ಬರಾಗಿ ಚೆಂಡಿನೊಡನೆ ಮುನ್ನುಗ್ಗಿ, 8 ಸೆಕೆಂಡುಗಳೊಳಗೆ ಗೋಲಿಯನ್ನು ವಂಚಿಸಿ ಗೋಲು ಹೊಡೆಯಬೇಕು.

5. ಇದುವರೆಗಿನ ಫಲಿತಾಂಶಗಳು

2023ರವರೆಗೆ ನಡೆದ 15 ಆವೃತ್ತಿಗಳ ವಿವರ ಈ ಕೆಳಕಂಡಂತಿದೆ (ವರ್ಷ – ಸ್ಥಳ – ವಿಜೇತ ರಾಷ್ಟ್ರ – ಭಾರತದ ಸ್ಥಾನ):

1971 – ಬಾರ್ಸಿಲೋನಾ – ಪಾಕಿಸ್ತಾನ – 3
1973 – ಆಮ್‌ಸ್ಟೆಲ್‌ವೀನ್ – ನೆದರ್ಲೆಂಡ್ಸ್ – 2
1975 – ಕ್ವಾಲಾಲಂಪುರ – ಭಾರತ – 1
1978 – ಬ್ಯೂನಸ್ ಐರಿಸ್ – ಪಾಕಿಸ್ತಾನ – 6
1982 – ಬೊಂಬಾಯಿ (ಮುಂಬೈ) – ಪಾಕಿಸ್ತಾನ – 5
1986 – ಲಂಡನ್ – ಆಸ್ಟ್ರೇಲಿಯಾ – 12
1990 – ಲಾಹೋರ್ – ನೆದರ್ಲೆಂಡ್ಸ್ – 10
1994 – ಸಿಡ್ನಿ – ಪಾಕಿಸ್ತಾನ – 5
1998 – ಉಟ್ರೆಕ್ಟ್ – ನೆದರ್ಲೆಂಡ್ಸ್ – 9
2002 – ಕ್ವಾಲಾಲಂಪುರ – ಜರ್ಮನಿ – 10
2006 – ಮೊನ್ಶೆನ್‌ಗ್ಲಾಡ್‌ಬಾಖ್ – ಜರ್ಮನಿ – 11
2010 – ನವದೆಹಲಿ – ಆಸ್ಟ್ರೇಲಿಯಾ – 8
2014 – ಹೇಗ್ – ಆಸ್ಟ್ರೇಲಿಯಾ – 9
2018 – ಭುವನೇಶ್ವರ – ಬೆಲ್ಜಿಯಂ – 6
2023 – ಭುವನೇಶ್ವರ ಮತ್ತು ರೂರ್ಕೆಲಾ – ಜರ್ಮನಿ – 9 (ಜಂಟಿ)

ಪಾಕಿಸ್ತಾನ ನಾಲ್ಕು ಬಾರಿ, ನೆದರ್ಲೆಂಡ್ಸ್, ಆಸ್ಟ್ರೇಲಿಯಾ ಮತ್ತು ಜರ್ಮನಿ ತಲಾ ಮೂರು ಬಾರಿ, ಭಾರತ ಮತ್ತು ಬೆಲ್ಜಿಯಂ ತಲಾ ಒಂದು ಬಾರಿ ವಿಜೇತವಾಗಿವೆ.

6. 1975ರ ವಿಜಯ

ಅಜಿತ್ ಪಾಲ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತ ತಂಡವು ಕ್ವಾಲಾಲಂಪುರದಲ್ಲಿ ಆಡಿತು. ಸೆಮಿಫೈನಲ್‌ನಲ್ಲಿ ಆತಿಥೇಯ ಮಲೇಷ್ಯಾ 2–1ರಿಂದ ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳು ಉಳಿದಿದ್ದವು. ಬದಲಿ ಆಟಗಾರನಾಗಿ ಇಳಿದ ಅಸ್ಲಂ ಶೇರ್ ಖಾನ್ ಪೆನಾಲ್ಟಿ ಕಾರ್ನರ್ ಮೂಲಕ ಗೋಲು ಸಮಗೊಳಿಸಿದರು. ಹೆಚ್ಚುವರಿ ಅವಧಿಯಲ್ಲಿ ಹರಚರಣ್ ಸಿಂಗ್ ವಿಜಯದ ಗೋಲು ಹೊಡೆದರು. 1975ರ ಮಾರ್ಚ್ 15ರಂದು ನಡೆದ ಫೈನಲ್‌ನಲ್ಲಿ ಪಾಕಿಸ್ತಾನವೇ ಮೊದಲು ಗೋಲು ಗಳಿಸಿತು. ನಂತರ ಸುರ್ಜಿತ್ ಸಿಂಗ್ ಹಾಗೂ ಧ್ಯಾನ್ ಚಂದ್ ಅವರ ಪುತ್ರ ಅಶೋಕ್ ಕುಮಾರ್ ಅವರ ಗೋಲುಗಳಿಂದ ಭಾರತ 2–1ರಿಂದ ಗೆದ್ದಿತು. ಭಾರತಕ್ಕೆ ದೊರೆತ ಮೂರು ವಿಶ್ವಕಪ್ ಪದಕಗಳೂ 1971ರಿಂದ 1975ರ ಒಳಗಿನವು. ಅನಂತರ 2023ರವರೆಗೆ ಭಾರತವು ಒಮ್ಮೆಯೂ ಸೆಮಿಫೈನಲ್ ತಲುಪಲಿಲ್ಲ.

7. ಮೈದಾನದ ಬದಲಾವಣೆ ಮತ್ತು ಅದರ ಪರಿಣಾಮ

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮೈದಾನದ ಬದಲಾವಣೆ ಪ್ರಮುಖವಾದುದು. 1976ರ ಮಾಂಟ್ರಿಯಲ್ ಒಲಿಂಪಿಕ್ ಕೂಟದಲ್ಲಿ ಹಾಕಿ ಪಂದ್ಯಗಳನ್ನು ಮೊದಲ ಬಾರಿಗೆ ಕೃತಕ ಹುಲ್ಲುಹಾಸಿನ ಮೇಲೆ ಆಡಿಸಲಾಯಿತು. ವಿಶ್ವಕಪ್ ವಿಜೇತ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಲಂಡನ್ನಿನಲ್ಲಿ ಕೃತಕ ಹಾಸಿನ ಮೇಲೆ ನಡೆದ 1986ರ ವಿಶ್ವಕಪ್‌ನಲ್ಲಿ ಹಿಂದಿನ ಬಾರಿಯ ವಿಜೇತ ಪಾಕಿಸ್ತಾನ 11ನೆಯ ಹಾಗೂ ಭಾರತ 12ನೆಯ, ಅಂದರೆ ಕೊನೆಯ ಸ್ಥಾನ ಪಡೆದವು.

ಹುಲ್ಲಿನ ಮೈದಾನದಲ್ಲಿ ಚೆಂಡು ಪುಟಿಯುತ್ತದೆ, ತಡೆದು ಉರುಳುತ್ತದೆ. ಅಲ್ಲಿ ಕೋಲಿನ ಕೈಚಳಕವೇ ಬಲ. ನೀರು ಹಾಯಿಸಿದ ಕೃತಕ ಹಾಸಿನ ಮೇಲೆ ಚೆಂಡು ನೇರವಾಗಿಯೂ ವೇಗವಾಗಿಯೂ ಸಾಗುವುದರಿಂದ ಓಟದ ಸಾಮರ್ಥ್ಯ, ದೂರದ ಪಾಸ್, ಪೆನಾಲ್ಟಿ ಕಾರ್ನರ್‌ನ ಬಿರುಸಾದ ಹೊಡೆತಗಳಿಗೆ ಪ್ರಾಮುಖ್ಯ ಬಂದಿತು. ಕೃತಕ ಹಾಸುಗಳು ಯೂರೋಪಿನಲ್ಲಿ ಬೇಗನೆ ಹರಡಿದವು. ನಮ್ಮಲ್ಲಿ ಮಕ್ಕಳು ಹುಲ್ಲು ಅಥವಾ ಮಣ್ಣಿನ ಮೇಲೆಯೇ ಕಲಿತು, ಯೌವನದಲ್ಲಿ ಮೊದಲ ಬಾರಿಗೆ ಕೃತಕ ಹಾಸನ್ನು ಮೆಟ್ಟುವ ಸ್ಥಿತಿ ಬಹುಕಾಲ ಇದ್ದಿತು. ಆದಕಾರಣ ಮಗುವನ್ನು ಹಾಕಿ ತರಬೇತಿಗೆ ಸೇರಿಸುವ ಪೋಷಕರು ಆ ಕೇಂದ್ರದಲ್ಲಿ ಕೃತಕ ಹಾಸಿನ ಮೇಲೆ ಅಭ್ಯಾಸಕ್ಕೆ ಅವಕಾಶವಿದೆಯೇ ಎಂಬುದನ್ನು ಮೊದಲೇ ವಿಚಾರಿಸುವುದು ಸೂಕ್ತ.

ಪರಿಸ್ಥಿತಿ ಸುಧಾರಿಸಿರುವುದಕ್ಕೆ ನಿದರ್ಶನಗಳಿವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ ಹಾಗೂ 2024ರ ಪ್ಯಾರಿಸ್ ಒಲಿಂಪಿಕ್ ಕೂಟಗಳೆರಡರಲ್ಲಿಯೂ ಭಾರತ ಕಂಚಿನ ಪದಕ ಪಡೆಯಿತು.

8. ವಿಶ್ವಕಪ್‌ನಲ್ಲಿ ಕರ್ನಾಟಕದ ಆಟಗಾರರು

1973ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದವರು ಕೊಡಗಿನ ಎಂ.ಪಿ. ಗಣೇಶ್. ಆ ಫೈನಲ್ 2–2 ಸಮಬಲವಾಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಭಾರತವು ನೆದರ್ಲೆಂಡ್ಸ್‌ಗೆ ಸೋತಿತು. 1975ರ ವಿಜೇತ ತಂಡದಲ್ಲಿ ಕೊಡಗಿನವರೇ ಆದ ಬಿ.ಪಿ. ಗೋವಿಂದ ಅವರಿದ್ದರು. 1994ರಲ್ಲಿ ಬೆಂಗಳೂರಿನ ಜೂಡ್ ಫೆಲಿಕ್ಸ್ ನಾಯಕತ್ವದಲ್ಲಿ ಭಾರತ ಐದನೆಯ ಸ್ಥಾನ ಗಳಿಸಿತು; 2018ರ ಆರನೆಯ ಸ್ಥಾನವೂ ಇದನ್ನು ಮೀರಲಿಲ್ಲ. 2010ರಲ್ಲಿ ಅರ್ಜುನ್ ಹಾಲಪ್ಪ, 2014ರಲ್ಲಿ ವಿ.ಆರ್. ರಘುನಾಥ್ ಮತ್ತು ಎಸ್.ವಿ. ಸುನಿಲ್ ಭಾರತವನ್ನು ಪ್ರತಿನಿಧಿಸಿದರು. ಇವರಲ್ಲಿ ಹಲವರ ತವರಾದ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಪ್ರಾರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವು ಆಟವನ್ನು ಮನೆಮನೆಯ ಬಾಳಿಗೆ ಬೆಸೆದಿದೆ.

9. ಇತರ ಪಂದ್ಯಾವಳಿಗಳು

ಕಿರಿಯರ ವಿಶ್ವಕಪ್: 21 ವರ್ಷದೊಳಗಿನವರಿಗೆ ಮೀಸಲು. ಭಾರತವು 2001ರಲ್ಲಿ ಹೋಬಾರ್ಟ್ ಹಾಗೂ 2016ರಲ್ಲಿ ಲಖನೌನಲ್ಲಿ ವಿಜೇತವಾಯಿತು. ಇದನ್ನು ಹಿರಿಯರ ವಿಶ್ವಕಪ್ ಎಂದು ನಮೂದಿಸುವಂತಿಲ್ಲ.

ಚಾಂಪಿಯನ್ಸ್ ಟ್ರೋಫಿ: 1978ರಿಂದ 2018ರವರೆಗೆ ನಡೆದು ನಿಂತುಹೋಯಿತು. ಭಾರತವು 2016 ಮತ್ತು 2018ರಲ್ಲಿ ಬೆಳ್ಳಿ ಪದಕ ಗಳಿಸಿತು. 2019ರಲ್ಲಿ ಪ್ರೊ ಲೀಗ್ ಪ್ರಾರಂಭವಾಯಿತು.

ಏಷ್ಯಾ ಕಪ್: 1982ರಲ್ಲಿ ಪ್ರಾರಂಭವಾದ ಖಂಡಮಟ್ಟದ ಪಂದ್ಯಾವಳಿ.

ಅಜ್ಲಾನ್ ಷಾ ಕಪ್: 1983ರಿಂದ ಮಲೇಷ್ಯಾದಲ್ಲಿ ನಡೆದುಬಂದಿರುವ ಆಹ್ವಾನಿತ ತಂಡಗಳ ಪಂದ್ಯಾವಳಿ.

10. ಅರ್ಜಿದಾರರ ಗಮನಕ್ಕೆ

ಕೇಂದ್ರ ಸರ್ಕಾರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಆದೇಶಗಳನ್ವಯ, ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದ ಕ್ರೀಡಾಪಟುವು ನಮೂನೆ–1ರಲ್ಲಿ ಪ್ರಮಾಣಪತ್ರ ಪಡೆಯಬೇಕು. ಅದನ್ನು ಸಂಬಂಧಪಟ್ಟ ರಾಷ್ಟ್ರೀಯ ಕ್ರೀಡಾ ಫೆಡರೇಷನ್ನಿನ ಕಾರ್ಯದರ್ಶಿಯವರು ನೀಡುತ್ತಾರೆ. ರಾಷ್ಟ್ರೀಯ ಮಟ್ಟಕ್ಕೆ ನಮೂನೆ–2, ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ ನಮೂನೆ–3, ಶಾಲಾ ಮಟ್ಟಕ್ಕೆ ನಮೂನೆ–4 ನಿಗದಿಯಾಗಿವೆ. ಪಂದ್ಯಾವಳಿಯಲ್ಲಿ ವಿತರಿಸಿದ ಪದಕ, ಛಾಯಾಚಿತ್ರ, ಪತ್ರಿಕಾ ವರದಿಗಳು ಸಾಧನೆಯ ನೆನಪುಗಳೇ ಹೊರತು ಈ ನಮೂನೆಗಳಿಗೆ ಪರ್ಯಾಯವಾಗುವುದಿಲ್ಲ.

ಆಟಗಾರನ ಕ್ರೀಡಾ ಜೀವನ ಅಲ್ಪಕಾಲದ್ದು. ಅದರ ದಾಖಲೆ ಮಾತ್ರ ಮುಂದೆ ಅನೇಕ ವರ್ಷ ಕೆಲಸಕ್ಕೆ ಬರುತ್ತದೆ. ಪಂದ್ಯಾವಳಿ ಮುಗಿದ ಕೂಡಲೇ ಪ್ರಮಾಣಪತ್ರ ಪಡೆದು, ಅದರಲ್ಲಿ ಪಂದ್ಯಾವಳಿಯ ಪೂರ್ಣ ಹೆಸರು, ಸ್ಥಳ, ದಿನಾಂಕ ಹಾಗೂ ತಂಡ ಪಡೆದ ಸ್ಥಾನ ಸರಿಯಾಗಿವೆಯೇ ಎಂದು ಪರಿಶೀಲಿಸಿಕೊಳ್ಳುವುದು ಆಟಗಾರರ ಹಿತದೃಷ್ಟಿಯಿಂದ ಅವಶ್ಯಕ. ವರ್ಷಗಳು ಕಳೆದ ಮೇಲೆ ಪದಾಧಿಕಾರಿಗಳು ಬದಲಾಗಿರುತ್ತಾರೆ, ಸಂಸ್ಥೆಗಳೂ ಬದಲಾಗಬಹುದು. ಅರ್ಜಿಯೊಡನೆ ದೃಢೀಕೃತ ಪ್ರತಿಯನ್ನು ಲಗತ್ತಿಸಿ, ಮೂಲ ಪ್ರಮಾಣಪತ್ರವನ್ನು ತಮ್ಮಲ್ಲಿಯೇ ಸುರಕ್ಷಿತವಾಗಿ ಇರಿಸಿಕೊಂಡು ಪರಿಶೀಲನೆಯ ಸಮಯದಲ್ಲಿ ಹಾಜರುಪಡಿಸುವುದು.

ಈ ಪುಟವನ್ನು ಮಾಹಿತಿಗಾಗಿ ಮಾತ್ರ ಪ್ರಕಟಿಸಲಾಗಿದೆ. ಸೌಲಭ್ಯಗಳ ಮಂಜೂರಾತಿಯು ಆಯಾ ಕಾಲಕ್ಕೆ ಜಾರಿಯಲ್ಲಿರುವ ಸರ್ಕಾರಿ ಆದೇಶಗಳಿಗೆ ಒಳಪಟ್ಟಿರುತ್ತದೆ.